ಗಾಳ ಬಿಡು, ಬಲೆ ಬೀಸು

‘ಮತ್ತೆ ಕ್ಯಾಸ್ಟಿಂಗ್ ಮಾಡ್ತಿದ್ದೀಯಲ್ಲಯ್ಯಾ!’ ಎಂದು ಕೋಚ್ ಸರ್ ಮೂರನೇ ಸಲ ಹೇಳಿದಾಗ ನಾನು ಪೆದ್ದುಪೆದ್ದಾಗಿ ತಲೆಯಾಡಿಸಿದೆ. ಮೆಕ್ಯಾನಿಕಲ್ ಬಿಇ ಓದುವವನಿಗೆ ಕ್ಯಾಸ್ಟಿಂಗ್ ಎಂದರೆ ಕಬ್ಬಿಣ ಕರಗಿಸಿ ಅಚ್ಚಿಗೆ ಸುರಿಯುವುದು. ಅದಕ್ಕೆಂದೇ ಫೌಂಡ್ರಿ ಲ್ಯಾಬ್‌ನಲ್ಲಿ ಮರಳು ಜರಡಿ ಹಿಡಿದು ಅಂಗಿ ಹಾಳು ಮಾಡಿಕೊಂಡವನು ನಾನು. ಕೈಯಲ್ಲಿ ಗಾಲ್ಫ್ ಕೋಲು ಹಿಡಿದು ಅದನ್ನು ಮಾಡುವುದು ಹೇಗೆ?

ಕೇಳಿಯೇ ಬಿಟ್ಟೆ. ಅವರು ನಕ್ಕು, ‘ಗಾಳ ಹಾಕೋದು ನೋಡಿದ್ದೀಯಾ? ಕಡ್ಡಿ ತಲೆ ಮೇಲಿಂದ ಮಣಿಕಟ್ಟು ಕೊಡವಿ ಎಸೀತಾರಲ್ಲ, ಅದು’ ಎಂದರು.

ನೋಡಿದ್ದೀಯಾ ಅಂತೆ! ನಾನು ಹಂಪಸಾಗರದವನು. ಹಗರಿಬೊಮ್ಮನಹಳ್ಳಿ ತಾಲ್ಲೂಕು, ತುಂಗಭದ್ರಾ ಹಿನ್ನೀರಿನ ಅಂಚು. ಎರೆಹುಳು ಸಿಕ್ಕಿಸಿ ಗಾಳ ಎಸೆಯುವುದರಲ್ಲಿ ಏಳನೇ ಕ್ಲಾಸಿನವರೆಗೆ ನಮ್ಮ ಓಣಿಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ನನ್ನ ಗಾಲ್ಫ್ ಕೆಟ್ಟಿದ್ದೇ ಅದರಿಂದ ಎಂದು ಅವತ್ತು ಗೊತ್ತಾಯಿತು.

ಮೀನುಗಾರನ ಮಗನಿಗೆ ಗಾಲ್ಫ್ ಎಲ್ಲಿಂದ ಬಂತು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಹಾಸ್ಟೆಲ್ ಖರ್ಚಿಗೆಂದು ಶನಿವಾರ, ಭಾನುವಾರ ಬೆಂಗಳೂರಿನ ಒಂದು ಡ್ರೈವಿಂಗ್ ರೇಂಜ್‌ನಲ್ಲಿ ಚೆಂಡು ಹೆಕ್ಕುವ ಕೆಲಸ ಮಾಡುತ್ತೇನೆ. ಡ್ರೈವಿಂಗ್ ರೇಂಜ್ ಎಂದರೆ ಕಾರು ಕಲಿಸುವ ಜಾಗ ಎಂದೇ ನಾನೂ ಮೊದಲು ತಿಳಿದಿದ್ದೆ. ಉದ್ದನೆಯ ಹುಲ್ಲಿನ ಬಯಲು, ದೂರ ಅಳೆಯಲು ಅಲ್ಲಲ್ಲಿ ಬಾವುಟ, ಈ ತುದಿಯಲ್ಲಿ ಸಾಲಾಗಿ ಹಾಸಿದ ಮ್ಯಾಟು. ಮಂದಿ ಬುಟ್ಟಿಗಟ್ಟಲೆ ಚೆಂಡು ಹೊಡೆದು ಹೋಗುತ್ತಾರೆ, ನಾವು ಹೆಕ್ಕಿ ತೊಳೆದು ಬುಟ್ಟಿಗೆ ತುಂಬುತ್ತೇವೆ. ಮುಚ್ಚುವ ಮುಂಚೆ ಅರ್ಧ ಗಂಟೆ, ಸವೆದ ಚೆಂಡುಗಳನ್ನು ನಾವೂ ಹೊಡೆಯಬಹುದು. ಸಂಬಳಕ್ಕಿಂತ ಆ ಅರ್ಧ ಗಂಟೆಗೇ ಈಗ ಕಾಯುತ್ತೇನೆ.

ಮೊದಲ ದಿನ ಹೊಡೆದಾಗ ಚೆಂಡು ಅಲ್ಲಾಡಲೇ ಇಲ್ಲ, ಮ್ಯಾಟಿನಿಂದ ದೂಳು ಎದ್ದಿತು. ಅದು ನಿಂತ ಚೆಂಡು! ಟೆನಿಸ್ ಬಾಲ್ ಕ್ರಿಕೆಟ್‌ನಲ್ಲಿ ಓಡಿಬರುವ ಚೆಂಡನ್ನೇ ಮಿಡ್ ವಿಕೆಟ್ ಮೇಲಿಂದ ಎತ್ತಿದವನಿಗೆ ಇದಕ್ಕಿಂತ ಅವಮಾನ ಉಂಟೇ? ಸಿಟ್ಟಿಗೆ ಇನ್ನಷ್ಟು ಜೋರಾಗಿ ಬೀಸಿದೆ. ಚೆಂಡು ಬಲಕ್ಕೆ ಸೊಟ್ಟಗೆ ಹಾರಿ ಪಕ್ಕದ ಬಲೆಗೆ ಸಿಕ್ಕಿಕೊಂಡಿತು. ಒಂದು ತಿಂಗಳು ಹೀಗೇ ನಡೆಯಿತು. ಜೋರು ಹೆಚ್ಚಿದಷ್ಟೂ ದೂರ ಕಡಿಮೆ.

ಕೋಚ್ ಸರ್ ಆಗ ಒಂದು ಪರೀಕ್ಷೆ ಕೊಟ್ಟರು. ಕೋಲನ್ನು ತಲೆಕೆಳಗು ಹಿಡಿ ಎಂದರು. ಅಂದರೆ ಕಬ್ಬಿಣದ ತಲೆ ಕೈಯ ಹತ್ತಿರ, ಹಿಡಿಕೆ ಗಾಳಿಯಲ್ಲಿ. ಚೆಂಡಿಲ್ಲದೆ ಬೀಸು, ‘ಸುಂಯ್’ ಸದ್ದು ಎಲ್ಲಿ ಕೇಳುತ್ತದೆ ಹೇಳು. ಬೀಸಿದೆ. ಸದ್ದು ಬಂದದ್ದು ಬಲಕಿವಿಯ ಪಕ್ಕದಲ್ಲಿ. ಸರಿಯಾಗಿ ಬೀಸಿದರೆ ಅದು ಚೆಂಡು ಇರುವ ಜಾಗದಲ್ಲಿ, ಇಲ್ಲವೇ ಅದರಾಚೆ ಎಡಕ್ಕೆ ಕೇಳಬೇಕಂತೆ. ಎಂದರೆ ನನ್ನ ಕೋಲಿನ ವೇಗವೆಲ್ಲ ಚೆಂಡು ತಲುಪುವ ಮೊದಲೇ, ಭುಜದ ಎತ್ತರದಲ್ಲೇ ಖರ್ಚಾಗುತ್ತಿತ್ತು. ಗಾಳದ ಕಡ್ಡಿ ಕೊಡವಿದ ಹಾಗೆ ಮಣಿಕಟ್ಟನ್ನು ಮೇಲೆಯೇ ಬಿಚ್ಚಿಬಿಡುತ್ತಿದ್ದೆ.

ಇಲ್ಲಿ ಸ್ವಲ್ಪ ವಿಷಯ ಹೇಳಬೇಕು. ಓದುವವರಲ್ಲಿ ನನ್ನಂಥ ಮೆಕ್ಯಾನಿಕಲ್ ಮಂದಿಯೂ ಇರುತ್ತೀರಿ.

ಬಲಗೈಯವನು ಕೋಲನ್ನು ಹಿಂದಕ್ಕೆ ಎತ್ತುವಾಗ ಭುಜಗಳು ಹೆಚ್ಚುಕಡಿಮೆ 90 ಡಿಗ್ರಿ ತಿರುಗುತ್ತವೆ, ಸೊಂಟ ಅದರ ಅರ್ಧದಷ್ಟು. ಈ ಅಂತರದಿಂದಲೇ ಮೈ ಹಗ್ಗದ ಹಾಗೆ ಹುರಿಗೊಳ್ಳುತ್ತದೆ. ಮಣಿಕಟ್ಟು ಮಡಚಿ, ಎಡ ಮುಂಗೈ ಮತ್ತು ಕೋಲಿನ ನಡುವೆ ಸುಮಾರು ಲಂಬಕೋನ ಏರ್ಪಡುತ್ತದೆ. ಕೆಳಗಿಳಿಯುವಾಗ ಮೊದಲು ಚಲಿಸಬೇಕಾದ್ದು ಸೊಂಟ. ಆಮೇಲೆ ಎದೆ, ಆಮೇಲೆ ತೋಳು, ಕಟ್ಟಕಡೆಗೆ ಮಣಿಕಟ್ಟು. ಒಂದೊಂದು ಭಾಗವೂ ವೇಗ ಪಡೆದು, ತಾನು ನಿಧಾನವಾಗುತ್ತಾ ಮುಂದಿನದಕ್ಕೆ ದಾಟಿಸುತ್ತದೆ. ಇದಿಷ್ಟೂ ನಡೆಯುವುದು ಸುಮಾರು ಕಾಲು ಸೆಕೆಂಡಿನಲ್ಲಿ. ಚೆಂಡು ಮತ್ತು ಕೋಲು ಒಂದಕ್ಕೊಂದು ತಾಗಿರುವುದಂತೂ ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲಿನಷ್ಟು ಹೊತ್ತು.

ಮಣಿಕಟ್ಟು ಯಾಕೆ ಕೊನೆಯವರೆಗೆ ಮಡಚಿರಬೇಕು? ಇದನ್ನು ನನಗೆ ತಿಳಿಸಿದ್ದು ರೂಮ್‌ಮೇಟ್‌ನ ತಿರುಗುವ ಕುರ್ಚಿ. ಎರಡೂ ಕೈಯಲ್ಲಿ ನೀರು ತುಂಬಿದ ಲೀಟರ್ ಬಾಟಲಿ ಹಿಡಿದು ಕುಳಿತುಕೊಳ್ಳಿ, ಗೆಳೆಯನಿಂದ ತಿರುಗಿಸಿಕೊಳ್ಳಿ. ಬಾಟಲಿ ಎದೆಗೆ ಒತ್ತಿದರೆ ಗಿರ್ರನೆ ಸುತ್ತುತ್ತೀರಿ, ಕೈ ಚಾಚಿದರೆ ಕುರ್ಚಿ ನಿಧಾನವಾಗುತ್ತದೆ. ಕೋಲೂ ಅಷ್ಟೇ. ಮೈಗೆ ಹತ್ತಿರ ಮಡಚಿಕೊಂಡಿದ್ದಷ್ಟು ಹೊತ್ತು ತೋಳುಗಳು ಬೇಗ ತಿರುಗುತ್ತವೆ. ಮೇಲೆಯೇ ಬಿಚ್ಚಿದರೆ ತೋಳಿಗೆ ಭಾರ ಬಿದ್ದು ವೇಗ ಸೋರಿಹೋಗುತ್ತದೆ. ತಡವಾಗಿ ಬಿಚ್ಚಿದರೆ ತೋಳಿನ ವೇಗವೆಲ್ಲ ಕೋಲಿನ ತುದಿಗೆ ಹರಿಯುತ್ತದೆ. ಅದನ್ನು ಬಿಚ್ಚಲು ಬಲ ಹಾಕಬೇಕಾಗಿಯೂ ಇಲ್ಲ, ತಿರುಗುವ ಮೈಯೇ ಅದನ್ನು ಹೊರಕ್ಕೆ ಎಸೆಯುತ್ತದೆ. ಎರಡು ಸರಳು, ನಡುವೆ ಒಂದು ಕೀಲು: ಪುಸ್ತಕದ ಭಾಷೆಯಲ್ಲಿ ಜೋಡಿ ಲೋಲಕ. 1968ರಲ್ಲೇ ಕಾಕ್ರನ್ ಮತ್ತು ಸ್ಟಾಬ್ಸ್ ಎಂಬಿಬ್ಬರು ಬ್ರಿಟನ್ನಿನಲ್ಲಿ ಗಾಲ್ಫ್ ಹೊಡೆತವನ್ನು ಹೀಗೆ ಬಿಡಿಸಿ ಪುಸ್ತಕ ಬರೆದಿದ್ದಾರೆ. ಡೈನಾಮಿಕ್ಸ್ ಪೇಪರ್‌ನಲ್ಲಿ ಒಮ್ಮೆ ಡುಮ್ಕಿ ಹೊಡೆದಿದ್ದ ನನಗೆ ಆ ಅಧ್ಯಾಯ ಅರ್ಥವಾದದ್ದು ಹಾಸ್ಟೆಲ್ ಕುರ್ಚಿಯ ಮೇಲೆ. ಎರಡನೇ ಪ್ರಯತ್ನದಲ್ಲಿ ಪಾಸೂ ಆದೆ. ರೂಮ್‌ಮೇಟ್ ಮಾತ್ರ ಕುರ್ಚಿಯ ಕಾಲು ಮುರಿದದ್ದನ್ನು ಇನ್ನೂ ಮರೆತಿಲ್ಲ.

ತಿಳಿಯುವುದು ಬೇರೆ, ಮೈಗೆ ಹತ್ತುವುದು ಬೇರೆ. ಎರಡೂ ಕಂಕುಳಲ್ಲಿ ಟವೆಲ್ ಅದುಮಿಕೊಂಡು, ಅದು ಬೀಳದಂತೆ ಅರ್ಧ ಬೀಸು ಬೀಸಿದೆ. ತೋಳು ಮೈ ಬಿಟ್ಟು ಒಂಟಿಯಾಗಿ ಓಡಬಾರದು ಎಂಬುದಕ್ಕೆ ಆ ಟವೆಲ್ಲು. ಚೆಂಡು ತಾಗುವಾಗ ಎಡ ಮಣಿಕಟ್ಟು ಸಪಾಟಾಗಿರಲಿ, ಹಿಂಗೈ ಗುರಿ ನೋಡುತ್ತಿರಲಿ ಎಂದರು, ಅದನ್ನೂ ಮಾಡಿದೆ. ಕೋಲಿನ ಮುಖ ಒಂದೇ ಒಂದು ಡಿಗ್ರಿ ತಿರುಗಿ ಚೆಂಡು ಒಂದು ಡಿಗ್ರಿ ಓರೆಯಾಗಿ ಹೊರಟರೂ 200 ಮೀಟರ್ ದೂರದಲ್ಲಿ ಅದು ಮೂರೂವರೆ ಮೀಟರ್ ಆಚೆ ಬೀಳುತ್ತದೆ. ಬೇಕಿದ್ದರೆ ಕ್ಯಾಲ್ಕುಲೇಟರ್‌ನಲ್ಲಿ ಟ್ಯಾನ್ ಹಾಕಿ ನೋಡಿ. ಕೊನೆಗೆ ಸೇರಬೇಕಾದ ಕುಳಿಯ ಅಗಲವಾದರೋ 108 ಮಿಲಿಮೀಟರ್. ಇಷ್ಟೆಲ್ಲ ನೆನಪಿಟ್ಟುಕೊಂಡು ಹೊಡೆಯಲು ಹೋದರೆ ಮೈ ಕಂಬವಾಗುತ್ತಿತ್ತು. ಸುಂಯ್ ಸದ್ದು ಬಲಕಿವಿ ಬಿಟ್ಟು ಕದಲಲಿಲ್ಲ.

ಒಂದು ಭಾನುವಾರ ಸಂಜೆ ಕೋಚ್ ಸರ್ ಸುಮ್ಮನೆ ಕೇಳಿದರು, ‘ನಿಮ್ಮ ತಂದೆ ಏನ್ ಮಾಡ್ತಾರೆ?’

ಈ ಪ್ರಶ್ನೆಗೆ ನನ್ನ ಬಳಿ ಸಿದ್ಧ ಉತ್ತರವಿತ್ತು. ಕಾಲೇಜಿನ ಅರ್ಜಿಯಲ್ಲಿ, ಇಂಟರ್ನ್‌ಶಿಪ್ ಫಾರ್ಮಿನಲ್ಲಿ, ಎಲ್ಲ ಕಡೆ ‘ಕೃಷಿ’ ಎಂದೇ ಬರೆದಿದ್ದೇನೆ. ನಮಗೆ ಒಂದು ಸೆಂಟ್ಸ್ ಹೊಲವೂ ಇಲ್ಲ. ಮೊದಲ ಸೆಮಿಸ್ಟರ್‌ನಲ್ಲಿ ಒಬ್ಬ ನನ್ನ ಬ್ಯಾಗು ಮೂಸಿ ನೋಡಿ ನಕ್ಕಿದ್ದ. ಆವತ್ತಿನಿಂದ ಹಾಗೆ. ಆದರೆ ಆ ಸಂಜೆ ಕೈ ಬೊಬ್ಬೆ ಬಂದು ಉರಿಯುತ್ತಿತ್ತು, ಸುಳ್ಳು ಹೇಳುವ ಉಮೇದೂ ಇರಲಿಲ್ಲ. ‘ಮೀನು ಹಿಡೀತಾರೆ ಸರ್. ಬೀಸು ಬಲೆ’ ಎಂದೆ.

ಅವರು ಕೋಲು ಕೆಳಗಿಟ್ಟರು. ‘ಬಲೆ ಹೇಗೆ ಬೀಸ್ತಾರೆ, ಮಾಡಿ ತೋರಿಸು.’

ತೋರಿಸಿದೆ. ಹಗ್ಗದ ಕುಣಿಕೆ ಎಡ ಮಣಿಕಟ್ಟಿಗೆ. ಬಲೆಯ ಒಂದು ಮಡಿಕೆ ಎಡಗೈಯಲ್ಲಿ, ಇನ್ನೊಂದು ತೋಳಿನ ಮೇಲೆ, ಸೀಸದ ಗುಂಡಿನ ಅಂಚು ಬಲಗೈಯಲ್ಲಿ. ಕಾಲು ಊರಿ, ಮೈ ಬಲಕ್ಕೆ ತಿರುವಿ, ಒಂದು ಕ್ಷಣ ನಿಂತು, ಆಮೇಲೆ ಸೊಂಟ ಎಡಕ್ಕೆ. ಹತ್ತು ವರ್ಷದವನಿದ್ದಾಗ ಅಪ್ಪ ಹಿನ್ನೀರಿನಲ್ಲಿ ನಿಲ್ಲಿಸಿ ಕಲಿಸಿದ್ದ. ನಾನು ಕೈಬಲದಲ್ಲಿ ಎಸೆದಾಗೆಲ್ಲ ಬಲೆ ಬಿಚ್ಚಿಕೊಳ್ಳದೆ ಹಸಿಬಟ್ಟೆಯ ಮುದ್ದೆಯಂತೆ ಬೀಳುತ್ತಿತ್ತು. ‘ಬಲಿ ಕೈಲೆ ಬೀಸೋದಲ್ಲಲೇ, ನಡದಲೆ ಬೀಸೋದು. ನಡ ಮೊದ್ಲು, ಕೈ ಆಮ್ಯಾಲೆ. ಅದು ತಾನ ಬಿಚ್ಚಿಕೊಂತತಿ’ ಎನ್ನುತ್ತಿದ್ದ.

ತೋರಿಸುತ್ತಿದ್ದ ಹಾಗೇ ನಾನು ಅರ್ಧಕ್ಕೆ ನಿಂತೆ. ಕೋಚ್ ಸರ್ ಕೋಲು ಕೈಗಿತ್ತು ಒಂದೂ ಮಾತಾಡಲಿಲ್ಲ. ಬೀಸಿದೆ. ಸುಂಯ್ ಸದ್ದು ಎಡಗಾಲಿನ ಹತ್ತಿರ ಬಂತು.

ಒಂದೇ ದಿನದಲ್ಲಿ ಪವಾಡವಾಯಿತು ಎಂದು ತಿಳಿಯಬೇಡಿ. ಮಾರನೇ ವಾರ ಮತ್ತೆ ಗಾಳವೇ ಬಂತು. ಈಗಲೂ ಹತ್ತರಲ್ಲಿ ನಾಲ್ಕು ಚೆಂಡು ಬಲಕ್ಕೆ ಹೋಗುತ್ತವೆ. ಆದರೆ ತಪ್ಪಿದಾಗ ಯಾಕೆ ತಪ್ಪಿತು ಎಂದು ಗೊತ್ತಾಗುತ್ತದೆ, ‘ನಡ ಮೊದ್ಲು’ ಎಂದು ಬಾಯಲ್ಲಿ ಹೇಳಿಕೊಂಡೇ ಹೊಡೆಯುತ್ತೇನೆ. ಪಕ್ಕದ ಮ್ಯಾಟಿನ ಸಾಹೇಬರೊಬ್ಬರು ಅದು ಯಾವ ಮಂತ್ರ ಎಂದು ಕೇಳಿದ್ದರು.

ಇದು ಸಾಹೇಬರ ಆಟ ಎಂಬ ಮಾತಿನಲ್ಲಿ ಸುಳ್ಳೇನಿಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ 1876ರದು, ಬ್ರಿಟಿಷರ ಕಾಲದ್ದು. ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಅಂಗಳ ಇರುವುದು ಹಿಂದಿನ ಚಲ್ಲಘಟ್ಟ ಕೆರೆಯ ಜಾಗದಲ್ಲಿ. ನಮ್ಮ ಕಡೆ 1953ರಲ್ಲಿ ಅಣೆಕಟ್ಟು ಮುಗಿದು ಹೊಲ, ಊರುಗಳೆಲ್ಲ ನೀರಾದವು. ಇಲ್ಲಿ ಕೆರೆಯೇ ಹುಲ್ಲಾಗಿದೆ, ಇರಲಿ. ಆದರೆ ಬಿಡದಿ ಬಳಿಯ ಈಗಲ್‌ಟನ್ ಅಂಗಳದ ಪಕ್ಕದ ಹಳ್ಳಿಯಲ್ಲಿ ಬೆಳೆದ ಎಸ್. ಚಿಕ್ಕರಂಗಪ್ಪ ಈ ಆಟವನ್ನೇ ವೃತ್ತಿ ಮಾಡಿಕೊಂಡು ದೇಶ ವಿದೇಶಗಳಲ್ಲಿ ಆಡಿದ್ದಾರೆ. ನಮ್ಮ ರೇಂಜಿನ ಹುಡುಗರ ಬಾಯಲ್ಲಿ ಅವರು ‘ಚಿಕ್ಕ’. ಇನ್ನು 2021ರ ಆಗಸ್ಟ್‌ನ ಟೋಕಿಯೊ ಒಲಿಂಪಿಕ್ಸ್ ನಿಮಗೂ ನೆನಪಿರಬೇಕು. ಗಾಲ್ಫ್ ಎಂದರೇನೆಂದು ತಿಳಿಯದ ನಾವೂ ಆ ಬೆಳಿಗ್ಗೆ ಮೊಬೈಲ್ ಹಿಡಿದು ಕುಳಿತಿದ್ದೆವು. ಬೆಂಗಳೂರಿನ ಅದಿತಿ ಅಶೋಕ್ ಒಂದೇ ಒಂದು ಹೊಡೆತದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದರು. ಅವರ ಹೊಡೆತ ಎದುರಾಳಿಗಳಷ್ಟು ದೂರ ಹೋಗುತ್ತಿರಲಿಲ್ಲ, ಅಷ್ಟಿದ್ದೂ ಅಲ್ಲಿಯವರೆಗೆ ಬಂದರು. ಜೋರಾಗಿ ಬೀಸುವ ಚಟವಿದ್ದ ನಾನು ಅದನ್ನು ಆಗಲೇ ಗಮನಿಸಬೇಕಿತ್ತು.

ಜನವರಿಯಲ್ಲಿ ಸೆಮಿಸ್ಟರ್ ರಜೆಗೆ ಊರಿಗೆ ಹೊರಟಾಗ ಕೋಚ್ ಸರ್ ಹಳೆಯ ಸೆವೆನ್ ಐರನ್ ಕೋಲೊಂದನ್ನು ಕೊಟ್ಟರು. ಅಭ್ಯಾಸ ತಪ್ಪಬಾರದು, ಆದರೆ ವಾಪಸ್ ತರಬೇಕು, ಅದು ಅವರದಲ್ಲ, ರೇಂಜಿನದು. ರಾತ್ರಿ ಬಸ್ಸಿನಲ್ಲಿ ಕಂಡಕ್ಟರ್ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ‘ಇದಕ್ಕೂ ಲಗೇಜ್ ಚಾರ್ಜ್ ಹಾಕ್ಲೇನು?’ ಎಂದ. ಮನೆಯಲ್ಲಿ ಅವ್ವ ಮೊದಲ ದಿನವೇ ಅದರಿಂದ ಹುಣಸೆಕಾಯಿ ಉದುರಿಸಿದಳು.

ಅಪ್ಪನಿಗೆ ಈಚೆಗೆ ಬಲಭುಜ ನೋವು. ಹಗ್ಗ ಎಳೆಯುವಾಗ ಹಲ್ಲು ಕಚ್ಚುವುದು ಕಾಣುತ್ತದೆ. ‘ನಿನ್ನ ಕೊನೀ ವರ್ಷದ ಫೀಜಿನ ಮಟ್ಟ ಬೀಸ್ತೀನಿ, ಆಮ್ಯಾಲೆ ಸಾಕು’ ಎಂದು ಅವ್ವನ ಹತ್ತಿರ ಹೇಳಿದ್ದು ನನಗೂ ಕೇಳಿಸಿತ್ತು. ಮಾರನೇ ಬೆಳಿಗ್ಗೆ ಅವನ ಜೊತೆ ಹೊರಟೆ. ಹಿನ್ನೀರು ಇಳಿಯತೊಡಗಿತ್ತು, ದಂಡೆಯಲ್ಲಿ ಹಸಿ ಹುಲ್ಲು, ಕುರಿ ಮಂದೆ. ಮೂರು ವರ್ಷದ ಮೇಲೆ ಬಲೆ ನನ್ನ ಕೈಗೆ ಬಂತು. ಮೊದಲ ಎರಡು ಬೀಸು ಮುದ್ದೆ. ಮೂರನೆಯದು ಬಿಚ್ಚಿಕೊಂಡಿತು, ಪೂರ್ತಿ ಹಪ್ಪಳದಂತಲ್ಲ, ಅರ್ಧ ಕಚ್ಚಿದ ಹಪ್ಪಳದಂತೆ. ನಾಲ್ಕು ಜಿಲೇಬಿ ಮೀನು ಬಿದ್ದವು. ಅಪ್ಪ ಏನೂ ಹೇಳದೆ ದಂಡೆಗೆ ಹೋಗಿ ಕುಳಿತು ಬೀಡಿ ಹಚ್ಚಿದ. ನಾನು ಹಾಸ್ಟೆಲಿನ ಫಾರ್ಮಿನ ವಿಷಯ ಹೇಳಿದ್ದು ಆಗಲೇ.

ಅವನು ಸ್ವಲ್ಪ ಹೊತ್ತು ನೀರು ನೋಡಿದ. ‘ಏನರ ಬರಿ. ಫೀಜ್ ಕಮ್ಮಿ ಮಾಡ್ತಾರೇನು?’ ಎಂದು ಕೇಳಿ, ಬೀಡಿ ಎಸೆದು, ‘ಎಲ್ಲೆತಿ ಆ ಕೋಲು, ಕೊಡಿಲ್ಲಿ’ ಎಂದ.

ಹಿಡಿಯುವುದು ಹೇಗೆಂದು ಹೇಳಿಕೊಟ್ಟೆ. ಚೆಂಡಿನ ಬದಲು ಒಂದು ಒಣ ಸಗಣಿ ಉಂಡೆ ಇಟ್ಟೆ. ಅಪ್ಪ ಕಾಲು ಊರಿದ, ಮೈ ಬಲಕ್ಕೆ ತಿರುವಿದ, ಒಂದು ಕ್ಷಣ ನಿಂತ. ಆಮೇಲೆ ನಡ ತಿರುಗಿತು. ಸುಂಯ್ ಸದ್ದು ಎಲ್ಲಿ ಬರಬೇಕೋ ಅಲ್ಲೇ ಬಂತು, ಎಡಕ್ಕೆ. ಆರು ತಿಂಗಳಿಂದ ನಾನು ಬೆವರಿಳಿಸಿ ಕಲಿಯುತ್ತಿದ್ದದ್ದು ಅವನಿಗೆ ಮೊದಲ ಬೀಸಿಗೇ ಬಂದಿತ್ತು. ನಾನು ‘ಅಪ್ಪಾ!’ ಎಂದು ಕೂಗುವಷ್ಟರಲ್ಲಿ, ನಲವತ್ತು ವರ್ಷದ ಅಭ್ಯಾಸವಲ್ಲವೇ, ಬಲೆ ಬಿಟ್ಟ ಹಾಗೆ ಕೋಲನ್ನೂ ಕೈಬಿಟ್ಟುಬಿಟ್ಟ.

ರೇಂಜಿನ ಸೆವೆನ್ ಐರನ್ ಎರಡು ಪಲ್ಟಿ ಹೊಡೆದು ಹಿನ್ನೀರಿನಲ್ಲಿ ಬಿತ್ತು.

ಇಬ್ಬರೂ ಪ್ಯಾಂಟು, ಪಂಚೆ ಮೇಲೆ ಕಟ್ಟಿ ಮೊಣಕಾಲು ಮಟ್ಟದ ಕೆಸರಿನಲ್ಲಿ ಅರ್ಧ ಗಂಟೆ ಕಾಲಿಂದ ತಡಕಿದೆವು. ಕುರಿ ಕಾಯುವ ಹುಡುಗರು ದಂಡೆಯಲ್ಲಿ ಸಾಲಾಗಿ ನಿಂತು ಏನು ಹುಡುಕುತ್ತಿದ್ದೀರಿ ಎಂದು ಕೇಳಿದರು. ಅಪ್ಪ ತಲೆಯೆತ್ತದೆ, ‘ನಮ್ಮ ಹುಡುಗನ ಎಂಜಿನಿಯರಿಂಗು’ ಎಂದ. ಸಿಕ್ಕಿದ್ದೂ ಅವನ ಕಾಲಿಗೇ.