ಚಿತ್ರ ನೋಡಿ ಬಂದವರ ಮಾತು

ಚಲನಚಿತ್ರವನ್ನು ನೋಡುವುದು ಎರಡೂವರೆ ಗಂಟೆಯ ಕೆಲಸ; ಅದನ್ನು ಕುರಿತು ಮಾತನಾಡುವುದು ಎಂಟು ದಿನಗಳ ಸುಖ. ಮುಧೋಳ ತಾಲೂಕಿನ ಲೋಕಾಪುರದಲ್ಲಾಗಲಿ, ನೆರೆಯ ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಾಗಲಿ, ಚಿತ್ರ ನೋಡಿ ಬಂದವನನ್ನು ಊರು ಸುಮ್ಮನೆ ಬಿಡುವುದಿಲ್ಲ. ಚಹದಂಗಡಿಯ ಬೆಂಚಿನ ಮೇಲೆ, ಮಗ್ಗದ ಸದ್ದಿನ ನಡುವೆ, ಮನೆಯ ಪಡಸಾಲೆಯಲ್ಲಿ ಒಂದೇ ಪ್ರಶ್ನೆ ಅವನಿಗಾಗಿ ಕಾದಿರುತ್ತದೆ: “ಹೆಂಗಿತ್ತರೀ ಪಿಚ್ಚರ್?”

ಉತ್ತರವೂ ಬಹುಮಟ್ಟಿಗೆ ಸಿದ್ಧವಾಗಿಯೇ ಇರುತ್ತದೆ. “ಭಾಳ ಛಲೋ ಐತಿ” ಎಂದು ಒಬ್ಬ. “ಏನೂ ಇಲ್ಲ ಬಿಡ್ರಿ, ರೊಕ್ಕಾ ದಂಡ” ಎಂದು ಇನ್ನೊಬ್ಬ. ಅಲ್ಲಿಗೆ ವಿಷಯ ಮುಗಿಯಿತು. ಆದರೆ ಇವೆರಡೂ ತೀರ್ಪುಗಳೇ ಹೊರತು ಅಭಿಪ್ರಾಯಗಳಲ್ಲ. ಹಣ್ಣಿನ ಅಂಗಡಿಯವನೂ ತನ್ನ ಹಣ್ಣು ಛಲೋ ಇದೆಯೆಂದೇ ಹೇಳುತ್ತಾನೆ. ತಿಂದವನು ಮಾತ್ರ ಅದು ಸಿಹಿಯೋ ಹುಳಿಯೋ, ಬಾಯಲ್ಲಿ ಉಳಿದ ರುಚಿ ಯಾವುದು ಎಂಬುದನ್ನು ಹೇಳಬಲ್ಲ. ಚಿತ್ರದ ಬಗೆಗೆ ಆಡಬೇಕಾದದ್ದೂ ಅಂಥ ತಿಂದವನ ಮಾತನ್ನೇ.

ಈ ನಾಡಿಗೆ ವಿಮರ್ಶೆಯ ಮಾತು ಹೊಸದೇನೂ ಅಲ್ಲ. ಹತ್ತನೆಯ ಶತಮಾನದಲ್ಲಿ ಇದೇ ಮುಧೋಳದಲ್ಲಿ ಹುಟ್ಟಿದ ರನ್ನನು, ತನ್ನ ಕೃತಿರತ್ನವನ್ನು ಪರೀಕ್ಷಿಸಲು ಹೊರಡುವವನಿಗೆ ಎಂಥ ಎದೆಗಾರಿಕೆ ಬೇಕೆಂದು ಸವಾಲು ಹಾಕಿದ ಕವಿ. ‘ಗದಾಯುದ್ಧ’ದಲ್ಲಿ ಅವನು ಬಳಸಿದ ಸಿಂಹಾವಲೋಕನ ಕ್ರಮವಂತೂ ಚಲನಚಿತ್ರ ನೋಡುವವರಿಗೆ ತೀರ ಪರಿಚಿತವಾದದ್ದು. ಭೀಮ ದುರ್ಯೋಧನರ ಅಂತಿಮ ಯುದ್ಧದ ಕಥೆಯನ್ನು ಹಿಡಿದು, ಅಲ್ಲಿಂದ ಹಿಂದಿರುಗಿ ನೋಡುತ್ತ ಭಾರತದ ಕಥೆಯನ್ನೆಲ್ಲ ಅವನು ಒಳಗೊಂಡನು. ಇಂದಿನ ನಿರ್ದೇಶಕರು ‘ಫ್ಲ್ಯಾಶ್‌ಬ್ಯಾಕ್’ ಎಂದು ಕರೆಯುವ ಉಪಾಯ ಇದಕ್ಕೆ ದೂರದ್ದಲ್ಲ. ಇಂಥ ಕವಿಯ ಊರಿನ ಆಸುಪಾಸಿನವರು, ಚಿತ್ರವನ್ನು ಕುರಿತ ತಿಳಿವಳಿಕೆಯ ಮಾತೆಲ್ಲ ಬೆಂಗಳೂರಿನಿಂದಲೇ ಬರಬೇಕೆಂದು ಕಾದು ಕುಳಿತಿರಬೇಕಾದ ಕಾರಣವಿಲ್ಲ.

ಚಿತ್ರರಂಗದ ಕಡೆಯಿಂದ ನೋಡಿದರೂ ಈ ಸೀಮೆ ಬರಿಯ ಟಿಕೆಟು ಕೊಂಡವರ ಸೀಮೆಯಲ್ಲ. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನಾ’ ತೆರೆಕಂಡದ್ದು 1934ರ ಮಾರ್ಚಿಯಲ್ಲಿ, ಬೆಂಗಳೂರಿನಲ್ಲಿ. ಆದರೆ ಅದು ತಯಾರಾದದ್ದು ಈ ಭಾಗಕ್ಕೆ ಹತ್ತಿರದ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. 1943ರ ‘ಕಿಸ್ಮತ್’ ಹಿಂದೀ ಚಿತ್ರದ ಹಾಡುಗಳಿಂದ ದೇಶದ ಮನೆಮನೆಗೂ ಪರಿಚಿತಳಾದ ಅಮೀರಬಾಯಿ ಕರ್ನಾಟಕಿ ಬೀಳಗಿಯ ಮಗಳು. ಆಕೆಯ ಅಕ್ಕ ಗೋಹರಬಾಯಿ ಮರಾಠೀ ರಂಗಭೂಮಿಯಲ್ಲಿ ಬಾಲಗಂಧರ್ವರೊಡನೆ ಹೆಸರು ಗಳಿಸಿದವಳು. ‘ಕುಲವಧು’, ‘ಸನಾದಿ ಅಪ್ಪಣ್ಣ’ ಮೊದಲಾದ ಚಿತ್ರಗಳಿಗೆ ಕಥೆಯನ್ನೊದಗಿಸಿದ ಕಾದಂಬರಿಕಾರ ಕೃಷ್ಣಮೂರ್ತಿ ಪುರಾಣಿಕರು ಹುಟ್ಟಿದ್ದೂ ಬೀಳಗಿಯಲ್ಲಿಯೇ. 1977ರ ‘ಸನಾದಿ ಅಪ್ಪಣ್ಣ’ದಲ್ಲಿ ರಾಜಕುಮಾರರು ಅಭಿನಯಿಸಿದ ಕಲಾವಿದನಿಗೆ ಶಹನಾಯಿಯ ದನಿಯಾದವರು ಉಸ್ತಾದ್ ಬಿಸ್ಮಿಲ್ಲಾ ಖಾನರು. ಆ ಸನಾದಿಯನ್ನು ಕೇಳಿದವರು ಇಂದಿಗೂ ಮದುವೆಯ ಮನೆಯಲ್ಲಿ ಅದನ್ನು ನೆನೆಯುತ್ತಾರೆ.

ನೆನಪಿನ ಈ ಮಾತು ಸಣ್ಣದಲ್ಲ. ‘ಸತಿ ಸುಲೋಚನಾ’ದ ಪ್ರತಿ ಇಂದು ಉಳಿದಿಲ್ಲ. ಸುಬ್ಬಯ್ಯ ನಾಯ್ಡುಗಳ ಇಂದ್ರಜಿತು, ತ್ರಿಪುರಾಂಬೆಯ ಸುಲೋಚನೆ, ಆರ್. ನಾಗೇಂದ್ರರಾಯರ ರಾವಣ, ಇವರಾರನ್ನೂ ಆ ಚಿತ್ರದಲ್ಲಿ ಕಾಣುವ ಭಾಗ್ಯ ಇನ್ನು ಯಾರಿಗೂ ಇಲ್ಲ. ಉಳಿದಿರುವುದು ಕೆಲವು ದಾಖಲೆ, ಕೆಲವು ಚಿತ್ರಪಟ, ಅಂದು ನೋಡಿದವರು ಹೇಳಿಹೋದ ನಾಲ್ಕು ಮಾತು. ಚಿತ್ರ ಅಳಿದರೂ ನೋಡಿದವನ ಮಾತು ಉಳಿಯಬಲ್ಲದು. ಹಾಗೆ ಉಳಿಯಬೇಕಾದ ಮಾತು “ಛಲೋ ಐತಿ” ಎಂಬಷ್ಟೇ ಆಗಿದ್ದರೆ ಮುಂದಿನವರಿಗೆ ಅದರಿಂದ ದೊರೆಯುವುದೇನು?

ಅಭಿಪ್ರಾಯಕ್ಕೆ ಬೆಲೆ ಬರುವುದು ಹೇಗೆಂಬುದಕ್ಕೆ ಒಂದು ಚಿತ್ರವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಗಿರೀಶ ಕಾಸರವಳ್ಳಿಯವರ ‘ತಾಯಿಸಾಹೇಬ’ 1997ನೆಯ ಸಾಲಿನ ಅತ್ಯುತ್ತಮ ಕಥಾಚಿತ್ರವೆಂದು ಸ್ವರ್ಣಕಮಲವನ್ನು ಪಡೆಯಿತು. ಅದಕ್ಕೆ ಆಧಾರವಾದ ಕಾದಂಬರಿಯನ್ನು ಬರೆದವರು ರಂ. ಶಾ. ಲೋಕಾಪುರ, ಲೇಖಕರ ಹೆಸರಿನ ಕೊನೆಯಲ್ಲಿ ನಿಂತಿರುವುದು ಈ ಊರಿನ ಹೆಸರೇ. ಸ್ವಾತಂತ್ರ್ಯದ ಹೋರಾಟಕ್ಕೆ ತನ್ನನ್ನು ಒಪ್ಪಿಸಿಕೊಂಡ ಅಪ್ಪಾಸಾಹೇಬ. ಅವನ ದೊಡ್ಡ ವಾಡೆಯನ್ನೂ ಮಾನವನ್ನೂ ಒಬ್ಬಳೇ ಹೊತ್ತು ನಡೆಸುವ ಹೆಂಡತಿ ನರ್ಮದಾ. ಅವನಿಗೆ ಇನ್ನೊಬ್ಬಳಲ್ಲಿ ಹುಟ್ಟಿದ ಮಗಳು. ಮನೆಗೆ ದತ್ತಕ ಬಂದ ಮಗ. ಆ ಮಗನೂ ಆ ಮಗಳೂ ಪರಸ್ಪರ ಒಲಿದಾಗ ಕಾನೂನು ಒಂದು ಕಡೆಗೆ, ಮನುಷ್ಯರ ಮನಸ್ಸು ಒಂದು ಕಡೆಗೆ ಎಳೆಯುತ್ತದೆ. ದೇಶಕ್ಕೆ ಸ್ವಾತಂತ್ರ್ಯ ಬಂದಿತು. ವಾಡೆಯ ಒಳಗಿನ ಹೆಣ್ಣಿಗೆ ಅದು ಬಂದಿತೇ ಎಂಬುದು ಚಿತ್ರ ಕೇಳುವ ಪ್ರಶ್ನೆ.

ಜಯಮಾಲಾ ಅವರ ಅಭಿನಯದಲ್ಲಿ ಮಾತಿಗಿಂತ ಮೌನ ಹೆಚ್ಚು ಮಾತನಾಡುತ್ತದೆ. ಚಿತ್ರದ ನಡೆ ನಿಧಾನವೆಂಬ ಆಕ್ಷೇಪವೂ ನಿಜವೇ. ಹಾಡು, ಹೊಡೆದಾಟಗಳ ವೇಗಕ್ಕೆ ಒಗ್ಗಿದ ಕಣ್ಣಿಗೆ ಮೊದಲ ಅರ್ಧಗಂಟೆ ಭಾರವೆನಿಸಬಹುದು. ಆದರೆ ಆ ನಿಧಾನ, ಹೊರಬಾಗಿಲು ಕಾಯುತ್ತ ಬಾಳನ್ನು ಕಳೆದ ಹೆಣ್ಣಿನ ದಿನಗಳ ನಿಧಾನ. ಅದನ್ನು ಅವಸರಪಡಿಸಿದ್ದರೆ ಕಥೆ ಉಳಿಯುತ್ತಿತ್ತು, ಅವಳ ದಿನಗಳು ಕಳೆದುಹೋಗುತ್ತಿದ್ದುವು.

ಇಲ್ಲಿಯೇ ಈ ಭಾಗದ ಪ್ರೇಕ್ಷಕನಿಗೆ ವಿಶೇಷವಾದ ಅಧಿಕಾರವಿದೆ. ವಾಡೆಯಲ್ಲಿ ಸೊಸೆಯಾಗಿ ಬಾಳಿದ ಅಜ್ಜಿ, ಬಾಗಿಲ ಹಿಂದೆ ನಿಂತು ಗಂಡಸರ ಮಾತು ಕೇಳುವುದೆಂದರೇನೆಂಬುದನ್ನು ಬಲ್ಲಳು. ದತ್ತಕದ ವ್ಯಾಜ್ಯದಲ್ಲಿ ಕೋರ್ಟಿನ ಮೆಟ್ಟಿಲು ಸವೆಸಿದ ಹಿರಿಯ, ಚಿತ್ರದ ಕಾನೂನಿನ ತೊಡಕನ್ನು ಪತ್ರಿಕೆಯ ವಿಮರ್ಶಕನಿಗಿಂತ ಚೆನ್ನಾಗಿ ಅಳೆಯಬಲ್ಲ. ಈ ಚಿತ್ರದ ವೇಷಭೂಷಣಕ್ಕಾಗಿ ವೈಶಾಲಿ ಕಾಸರವಳ್ಳಿಯವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ಆದರೆ ಸೀರೆಯ ದಡಿ, ಸೆರಗು, ಉಡುವ ರೀತಿ ಆ ಕಾಲಕ್ಕೂ ಆ ಮನೆತನಕ್ಕೂ ಒಪ್ಪುತ್ತದೆಯೇ ಎಂಬುದನ್ನು ರಬಕವಿಯ ನೇಕಾರನನ್ನೂ ಅವನ ಮನೆಯಾಕೆಯನ್ನೂ ಕೇಳಬೇಕು. ಅವರ ಮಾತು ಪ್ರಶಸ್ತಿಗೆ ಇನ್ನೊಂದು ಮುದ್ರೆಯನ್ನೊತ್ತಬಹುದು, ಇಲ್ಲವೆ ಒಂದು ನೂಲು ತಪ್ಪಿದೆಯೆಂದು ತೋರಿಸಬಹುದು. ಎರಡೂ ಲಾಭವೇ.

ಇಬ್ಬರು ಬಲ್ಲವರ ಅಭಿಪ್ರಾಯ ಬೇರೆಯಾದರೆ ಒಬ್ಬರು ಸುಳ್ಳಾಗಲೇಬೇಕೆಂಬ ನಿಯಮವೂ ಇಲ್ಲ. 1972ರಲ್ಲಿ ಪುಟ್ಟಣ್ಣ ಕಣಗಾಲರು ತ. ರಾ. ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ‘ನಾಗರಹಾವು’ ಚಿತ್ರವನ್ನು ಮಾಡಿದರು. ವಿಷ್ಣುವರ್ಧನರ ರಾಮಾಚಾರಿಯನ್ನು ನಾಡು ತಲೆಯ ಮೇಲೆ ಹೊತ್ತು ಮೆರೆಸಿತು. ಆದರೆ ಆ ಪಾತ್ರಕ್ಕೆ ಜನ್ಮ ಕೊಟ್ಟ ಕಾದಂಬರಿಕಾರರಿಗೇ ಚಿತ್ರ ಹಿಡಿಸಲಿಲ್ಲ; ತಮ್ಮ ನಾಗರಹಾವನ್ನು ಕೇರೆಹಾವಾಗಿಸಿದರೆಂದು ಅವರು ನೊಂದುಕೊಂಡ ಮಾತು ಪ್ರಸಿದ್ಧವಾಗಿದೆ. ಹಾಗಾದರೆ ಯಾರ ಅಭಿಪ್ರಾಯ ಸರಿ? ಕಾದಂಬರಿಯನ್ನು ಓದಿದವರಿಗೆ ತ. ರಾ. ಸು. ಅವರ ನೋವು ಅರ್ಥವಾಗುತ್ತದೆ. ಚಿತ್ರವನ್ನಷ್ಟೇ ನೋಡಿದವರಿಗೆ ಪುಟ್ಟಣ್ಣನವರ ಸಾಮರ್ಥ್ಯ ಕಾಣುತ್ತದೆ. ಎರಡನ್ನೂ ಬಲ್ಲವನಿಗೆ, ಒಂದೇ ಕಥೆ ಪುಟದಿಂದ ತೆರೆಗೆ ದಾಟುವಾಗ ಏನನ್ನು ಪಡೆಯುತ್ತದೆ, ಏನನ್ನು ತೆರುತ್ತದೆ ಎಂಬ ಹೊಸ ತಿಳಿವು ಬರುತ್ತದೆ. ಭಿನ್ನಾಭಿಪ್ರಾಯದ ಫಲವೆಂದರೆ ಇದೇ.

ಅಭಿಪ್ರಾಯ ಅಪಾಯಕಾರಿಯಾಗುವುದು ಅದು ಇನ್ನೊಬ್ಬನ ನೋಟವನ್ನೇ ತಡೆಯಲು ಹೊರಟಾಗ. ಅನಂತಮೂರ್ತಿಯವರ ಕಾದಂಬರಿಯನ್ನಾಧರಿಸಿ ಪಟ್ಟಾಭಿರಾಮ ರೆಡ್ಡಿಯವರು ತೆಗೆದ ‘ಸಂಸ್ಕಾರ’ಕ್ಕೆ ಸೆನ್ಸಾರ್ ಮಂಡಲಿ ಮೊದಲು ಅನುಮತಿಯನ್ನು ನಿರಾಕರಿಸಿತ್ತು. ಮುಂದೆ ಬಿಡುಗಡೆಯಾದ ಅದೇ ಚಿತ್ರ 1970ನೆಯ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಮನ್ನಣೆಯನ್ನು ಪಡೆಯಿತು. ಅದನ್ನು ಒಪ್ಪದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಒಪ್ಪದಿರುವ ಹಕ್ಕು ಅವರಿಗೆ ದೊರೆತದ್ದು ಸಹ ಚಿತ್ರ ಹೊರಬಂದುದರಿಂದಲೇ. ನೋಡಲಾಗದ ಚಿತ್ರವನ್ನು ಹೊಗಳುವುದೂ ಸಾಧ್ಯವಿಲ್ಲ, ತೆಗಳುವುದೂ ಸಾಧ್ಯವಿಲ್ಲ.

ಇತ್ತೀಚಿನ ಚಿತ್ರಗಳಿಗೆ ಬರುವುದಾದರೆ, ಎರಡು ಚಿತ್ರಗಳು ಈ ಸೀಮೆಯ ಮನೆಗಳಲ್ಲಿ ಚರ್ಚೆಗೆ ಯೋಗ್ಯವಾಗಿವೆ. ಉತ್ಸವ ಗೋನವಾರರ ‘ಫೋಟೋ’ 2024ರ ಮಾರ್ಚಿಯಲ್ಲಿ ತೆರೆಗೆ ಬಂದಿತು. ವಿಧಾನಸೌಧದ ಮುಂದೆ ನಿಂತು ತನ್ನದೊಂದು ಫೋಟೋ ತೆಗೆಸಿಕೊಳ್ಳಬೇಕೆಂಬ ಆಸೆಯಿಂದ, ಬೆಂಗಳೂರಿನಲ್ಲಿ ಕೂಲಿಗಿರುವ ತಂದೆಯ ಬಳಿಗೆ ರಾಯಚೂರು ಕಡೆಯ ಬಾಲಕನೊಬ್ಬ ಬರುತ್ತಾನೆ. ಅಷ್ಟರಲ್ಲಿ 2020ರ ಲಾಕ್‌ಡೌನ್ ಘೋಷಿತವಾಗುತ್ತದೆ. ತಂದೆ ಮಗ ಊರ ದಾರಿಯನ್ನು ನಡೆದೇ ಹಿಡಿಯಬೇಕಾಗುತ್ತದೆ. ಜೆ. ಪಿ. ತುಮಿನಾಡರ ‘ಸು ಫ್ರಮ್ ಸೋ’ ಬಿಡುಗಡೆಯಾದದ್ದು 2025ರ ಜುಲೈಯಲ್ಲಿ. ಸೋಮೇಶ್ವರದ ಸುಲೋಚನೆಯ ದೆವ್ವ ಯುವಕನೊಬ್ಬನ ಮೈಮೇಲೆ ಬಂದಿದೆಯೆಂಬ ಸುದ್ದಿಯಿಂದ ಕರಾವಳಿಯ ಹಳ್ಳಿಯೊಂದು ಅಲ್ಲೋಲಕಲ್ಲೋಲವಾಗುವ ನಗೆಯ ಕಥೆ ಇದು. 1934ರ ಸುಲೋಚನೆ ಪುರಾಣದ ಸತಿ. ತೊಂಬತ್ತೊಂದು ವರ್ಷಗಳ ತರುವಾಯದ ಸುಲೋಚನೆ ಊರಿನವರ ಬಾಯಲ್ಲಿ ದೆವ್ವ! ಹೊಟ್ಟೆ ಹುಣ್ಣಾಗುವಂತೆ ನಗಿಸಿದ ಮೇಲೆ ಚಿತ್ರ ಒಬ್ಬ ಹೆಣ್ಣಿನ ಅಸಹಾಯಕತೆಯ ಕಡೆಗೆ ಮೆಲ್ಲನೆ ಹೊರಳುತ್ತದೆ. ಆ ಹೊರಳುವಿಕೆ ಕೊಂಚ ತಡವಾಯಿತೆಂದು ಒಬ್ಬರಿಗೆ ಅನ್ನಿಸಿದರೆ, ನಗೆಯಿಲ್ಲದೆ ಅದು ಮನಸ್ಸಿಗೆ ನಾಟುತ್ತಿರಲಿಲ್ಲವೆಂದು ಇನ್ನೊಬ್ಬರು ವಾದಿಸಬಹುದು. ದೊಡ್ಡ ತಾರೆಯರಿಲ್ಲದ ಈ ಚಿತ್ರ ನಾಡಿನಾದ್ಯಂತ ಗೆದ್ದದ್ದು ಬಹುಪಾಲು ಬಾಯಿಂದ ಬಾಯಿಗೆ ಹರಿದ ಮಾತಿನ ಬಲದಿಂದ. ನೋಡಿ ಬಂದವರ ಮಾತಿಗಿರುವ ಶಕ್ತಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈ ಎರಡು ಚಿತ್ರಗಳನ್ನು ಒಟ್ಟಿಗೆ ನೋಡಿದಾಗ ಏಳುವ ವಿಚಾರ ಭಾಷೆಯದು. ಕರಾವಳಿಯ ಕನ್ನಡ ಈಗ ತೆರೆಯ ಮೇಲೆ ಸಂಕೋಚವಿಲ್ಲದೆ ನಗುತ್ತದೆ, ಅಳುತ್ತದೆ, ಸಿಟ್ಟಾಗುತ್ತದೆ. ಉತ್ತರ ಕರ್ನಾಟಕದ ಮಾತಿಗೆ ಬಹುಕಾಲ ಒದಗಿದ ಪಾಲು ಹೆಚ್ಚಾಗಿ ನಗೆಪಾತ್ರದ್ದು. ನಾಯಕ ಗ್ರಾಂಥಿಕವಾಗಿ ಪ್ರೇಮವನ್ನು ನಿವೇದಿಸುತ್ತಿದ್ದಾಗ ಅವನ ಆಳು “ಹೌದರೀ ಯಪ್ಪಾ” ಎಂದು ನಗಿಸಬೇಕಾಗಿತ್ತು. ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡನ್ನು ಹೆಸರಿಸುವಾಗ ಎಣಿಸಿದ ನಾಲ್ಕು ಊರುಗಳಲ್ಲಿ ಕಿಸುವೊಳಲು ಒಂದು. ಅದು ಇಂದಿನ ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲು. ತಿರುಳ್ಗನ್ನಡದ ನೆಲದ ಮಾತು ನಗೆಗಷ್ಟೇ ಸಲ್ಲುತ್ತದೆಯೆಂದರೆ ಅದಕ್ಕಿಂತ ವಿಪರ್ಯಾಸವುಂಟೆ? ‘ಫೋಟೋ’ದಲ್ಲಿ ಈ ಕಡೆಯ ಬಡತಂದೆ ತನ್ನ ಮಾತಿನಲ್ಲಿಯೇ ಸಂಕಟಪಡುತ್ತಾನೆ, ಅದನ್ನು ಕೇಳಿ ಯಾರೂ ನಗುವುದಿಲ್ಲ. ಆ ಚಿತ್ರಕ್ಕೆ ಸಲ್ಲಬೇಕಾದ ಮೊದಲ ಮನ್ನಣೆ ಇದೇ. ಈ ಮಾತನ್ನು ಲೋಕಾಪುರದವರು ಹೇಳದಿದ್ದರೆ ಅವರ ಪರವಾಗಿ ಬೇರೆ ಯಾರು ಹೇಳಬೇಕು?

ಇನ್ನು ಮನೆಯೊಳಗಿನ ಮಾತು. ಚಿತ್ರವನ್ನು ನೋಡುವುದು ಮನೆಮಂದಿಯೆಲ್ಲ. ಅಭಿಪ್ರಾಯವನ್ನು ಹೇಳುವುದು ಮಾತ್ರ ಬಹುಶಃ ಯಜಮಾನ. ಅವನು “ಸುಮಾರು” ಎಂದೊಡನೆ ಮಕ್ಕಳು ಬಾಯಿ ಮುಚ್ಚುತ್ತಾರೆ. ಮನೆಯಾಕೆ “ಅವರಂದದ್ದ ಖರೆ” ಎಂದು ಅಡಿಗೆಮನೆಗೆ ನಡೆಯುತ್ತಾಳೆ. ಅವಳ ಕಣ್ಣು ಯಾವ ದೃಶ್ಯದಲ್ಲಿ ತೇವಗೊಂಡಿತೆಂಬುದನ್ನು ಯಾರೂ ಕೇಳುವುದಿಲ್ಲ. ‘ತಾಯಿಸಾಹೇಬ’ದಂಥ ಚಿತ್ರವನ್ನು ನೋಡಿ ಬಂದ ಮನೆಯಲ್ಲಿಯೂ ಹೀಗಾದರೆ, ಆ ಚಿತ್ರವನ್ನು ನೋಡಿದ್ದು ಕಣ್ಣು ಮಾತ್ರ ಎನ್ನಬೇಕು. ಹೆಂಡತಿಯ ಅಭಿಪ್ರಾಯವನ್ನು ಮೊದಲು ಕೇಳಿ, ಮಕ್ಕಳದನ್ನು ಅನಂತರ ಕೇಳಿ, ತನ್ನದನ್ನು ಕಡೆಗೆ ಹೇಳುವ ಯಜಮಾನನಿಗೆ ಒಂದೇ ಟಿಕೆಟಿನಲ್ಲಿ ನಾಲ್ಕು ಚಿತ್ರಗಳನ್ನು ನೋಡಿದ ಲಾಭ ಉಂಟಾಗುತ್ತದೆ.

ಇಂದು ಅಂಗೈಯ ಮೊಬೈಲಿನಲ್ಲಿ ಚಿತ್ರವೂ ಉಂಟು, ಅದಕ್ಕೆ ಅಂಟಿಸಿದ ನಕ್ಷತ್ರಗಳೂ ಉಂಟು. ಐದರಲ್ಲಿ ಮೂರು ನಕ್ಷತ್ರ ಎಂದೊಡನೆ ಕೆಲವರಿಗೆ ನೋಡುವ ಕಷ್ಟವೇ ತಪ್ಪಿದಂತಾಗುತ್ತದೆ. ಆದರೆ ನಕ್ಷತ್ರ ಕೊಟ್ಟವನು ಯಾರು, ಏನನ್ನು ಮೆಚ್ಚಿದನು, ಯಾವ ಋಣದಿಂದ ಮೆಚ್ಚಿದನು ಎಂಬುದು ಎಷ್ಟೋ ವೇಳೆ ತಿಳಿಯುವುದೇ ಇಲ್ಲ. ನೆರೆಮನೆಯವನ ಮಾತಿಗೆ ಈ ದೋಷವಿಲ್ಲ. ಅವನ ರುಚಿ ಗೊತ್ತು, ಅವನ ಪಕ್ಷಪಾತವೂ ಗೊತ್ತು. ಅದನ್ನು ಕಳೆದು ಉಳಿದದ್ದನ್ನು ನಂಬಬಹುದು.

ಅಂಥ ನಂಬುಗೆಗೆ ತಕ್ಕಂತೆ ಮಾತನಾಡುವುದು ಕಷ್ಟದ ವಿದ್ಯೆಯಲ್ಲ. ಕಥೆಯ ಕೊನೆಯ ಗುಟ್ಟನ್ನು ಬಿಟ್ಟುಕೊಡದಿರುವುದು ಮೊದಲನೆಯ ಸೌಜನ್ಯ. ಪಾತ್ರ ಕೆಟ್ಟದ್ದೆಂಬ ಕಾರಣಕ್ಕೆ ಚಿತ್ರವನ್ನು ಕೆಟ್ಟದ್ದೆನ್ನದಿರುವುದು ಎರಡನೆಯದು. ಮೆಚ್ಚಿದರೆ ಯಾವ ದೃಶ್ಯ, ಮೆಚ್ಚದಿದ್ದರೆ ಯಾವ ಸ್ಥಳ ಎಂಬುದನ್ನು ಬೆರಳಿಟ್ಟು ತೋರಿಸುವುದು ಮೂರನೆಯದು. ಇದರ ಜೊತೆಗೆ, ಚಿತ್ರದ ಹೆಸರು, ನೋಡಿದ ದಿನ, ಜೊತೆಗಿದ್ದವರು, ಮನಸ್ಸಿನಲ್ಲಿ ನಿಂತ ಒಂದು ದೃಶ್ಯ ಇಷ್ಟನ್ನು ಮನೆಯ ಹಳೆಯ ಡೈರಿಯಲ್ಲಿ ಯಾರಾದರೂ ಗುರುತು ಹಾಕಿಡುವುದಾದರೆ, ಐವತ್ತು ವರ್ಷಗಳ ಮೇಲೆ ಮೊಮ್ಮಕ್ಕಳಿಗೆ ಅದು ಆಸ್ತಿ. ಅಷ್ಟು ಹೊತ್ತಿಗೆ ಎಷ್ಟು ಚಿತ್ರಗಳು ‘ಸತಿ ಸುಲೋಚನಾ’ದ ದಾರಿಯನ್ನು ಹಿಡಿದಿರುವುವೋ! ಅಜ್ಜಿ ಯಾವ ದೃಶ್ಯಕ್ಕೆ ಅತ್ತಳು, ಏಕೆ ಅತ್ತಳು ಎಂಬುದಾದರೂ ಅವರಿಗೆ ಆಗ ತಿಳಿದೀತು.