ಹಳೆಯ ಮಿಲಿಟರಿ ಟ್ರೇಲರಿಗೆ ಮರುಜೀವ

ಬೇಲೂರು ತಾಲ್ಲೂಕಿನ ಅರೇಹಳ್ಳಿ, ಬಿಕ್ಕೋಡು ಕಡೆಯ ಹಳೆಯ ತೋಟಗಳ ಗಾಡಿ ಕೊಟ್ಟಿಗೆಗಳನ್ನು ಹೊಕ್ಕು ನೋಡಿದವರಿಗೆ ಈ ವಸ್ತು ಹೊಸದಲ್ಲ. ಎರಡು ಚಕ್ರ, ಮುಂದೊಂದು ಕಬ್ಬಿಣದ ಬಳೆ, ಆಳವಾದ ತಗಡಿನ ತೊಟ್ಟಿ. ತೊಟ್ಟಿಯೊಳಗೆ ಹಳೆಯ ಹಗ್ಗ, ಹರಿದ ಟಾರ್ಪಾಲು, ಒಂದೆರಡು ಕೋಳಿಯ ಗೂಡು. ತಾತನ ಕಾಲದಲ್ಲಿ ಜೀಪಿನ ಜೊತೆಗೆ ಬಂದ ಮಿಲಿಟರಿ ಟ್ರೇಲರು ಅದು. ಮನೆಯ ಜೀಪು ಎರಡು ಸಲ ಬದಲಾಗಿರುತ್ತದೆ, ಟ್ರೇಲರು ಮಾತ್ರ ಮೂಲೆಯಲ್ಲೇ ಉಳಿದಿರುತ್ತದೆ.

ಈಚೆಗೆ ಇದರ ಬಗ್ಗೆ ವಿಚಾರಿಸಿಕೊಂಡು ನಮ್ಮ ಸಂಘದ ಕಚೇರಿಗೆ ಎರಡು ಬಗೆಯವರು ಬರುತ್ತಿದ್ದಾರೆ. ಮೊದಲನೆಯವರು, ಟ್ರ್ಯಾಕ್ಟರ್ ಹೋಗಲಾರದ ಇಕ್ಕಟ್ಟಿನ ತೋಟದ ದಾರಿಯಲ್ಲಿ ಗೊಬ್ಬರ, ಹಣ್ಣು, ಅಡಿಕೆ ಗೊನೆ ಸಾಗಿಸಲು ಇದನ್ನು ಉಪಯೋಗಿಸಬೇಕೆನ್ನುವ ಸದಸ್ಯರು. ಎರಡನೆಯವರು, ರಜೆಯಲ್ಲಿ ಬೆಂಗಳೂರಿನಿಂದ ಬಂದು, ಜೀಪಿನ ಹಿಂದೆ ಇದನ್ನು ಕಟ್ಟಿ, ಡೇರೆ, ಒಲೆ, ಹಾಸಿಗೆ ಹೇರಿಕೊಂಡು ಗುಡ್ಡದ ದಾರಿ ಹಿಡಿಯಬೇಕೆನ್ನುವ ನಮ್ಮ ಮನೆಗಳ ಹುಡುಗರು. ಇಬ್ಬರಿಗೂ ನಾವು ಹೇಳುವ ಉತ್ತರ ಒಂದೇ. ಆಗುತ್ತದೆ, ಆದರೆ ಬಣ್ಣದಿಂದ ಶುರು ಮಾಡಬೇಡಿ, ಚಕ್ರದಿಂದ ಶುರು ಮಾಡಿ. ಕಳೆದ ಮಳೆಗಾಲದಲ್ಲಿ ನಮ್ಮ ತೋಟದ ಟ್ರೇಲರನ್ನು ಪೂರ್ತಿ ಬಿಚ್ಚಿ ಕಟ್ಟಿದ ಅನುಭವದ ಮೇಲೆ ಕ್ರಮವಾಗಿ ಬರೆಯುತ್ತಿದ್ದೇವೆ.

ಬಂದ ದಾರಿ

ಜೀಪಿನ ಮೊದಲ ಮಾದರಿಯನ್ನು 1940ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸೈನ್ಯಕ್ಕೆ ಒಪ್ಪಿಸಿದ್ದು ಪೆನ್ಸಿಲ್ವೇನಿಯಾದ ಬಟ್ಲರ್ ಊರಿನ ಬ್ಯಾಂಟಮ್ ಎಂಬ ಸಣ್ಣ ಕಂಪನಿ. ಆದರೆ ದೊಡ್ಡ ಗುತ್ತಿಗೆಗಳು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳ ಪಾಲಾದವು. ಜೀಪಿಗೆ ಜನ್ಮ ಕೊಟ್ಟ ಬ್ಯಾಂಟಮ್ಮಿಗೆ ಕೊನೆಗೆ ಉಳಿದದ್ದು ಜೀಪಿನ ಹಿಂದೆ ಎಳೆಯುವ ಕಾಲು ಟನ್ನಿನ ಟ್ರೇಲರು ಮಾಡುವ ಕೆಲಸ. ಆ ಕೆಲಸವನ್ನು ಅದು ಅಚ್ಚುಕಟ್ಟಾಗಿ ಮಾಡಿತು. ತೊಟ್ಟಿಗೆ ನೀರು ನುಗ್ಗದಂತೆ ಬೆಸುಗೆ, ಹೊಳೆ ದಾಟುವಾಗ ತೇಲುವ ಗುಣ, ಜೀಪಿನದೇ ಅಳತೆಯ 6.00-16 ಟಯರು, ಜೀಪಿನ ಚಕ್ರದ ಜಾಡಿನಲ್ಲೇ ಬರುವ ಅಗಲ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬರ್ಮಾ ರಂಗಕ್ಕೆಂದು ಭಾರತಕ್ಕೆ ಬಂದಿದ್ದ ವಾಹನಗಳು ಡಿಸ್ಪೋಸಲ್ ಮಾಲಾಗಿ ಮಾರಾಟವಾದವು. 1947ರಿಂದ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಿ ಮಾರತೊಡಗಿತು. ಮಲೆನಾಡಿನ ತೋಟಗಳಿಗೆ ಜೀಪು ಬಂದದ್ದು ಈ ಎರಡೂ ದಾರಿಗಳಿಂದ. ಮುಂದೆ ನಮ್ಮ ಸೈನ್ಯಕ್ಕೆ ಜಬಲ್ಪುರದಲ್ಲಿ 1969ರಿಂದ 1999ರವರೆಗೆ ಜೊಂಗಾ ತಯಾರಾಯಿತು. ಸೈನ್ಯ ಕೈಬಿಟ್ಟ ಟ್ರೇಲರುಗಳೂ ಹರಾಜಿನ ಮೂಲಕ ಹೊರಬಂದವು. ಆದ್ದರಿಂದ ನಿಮ್ಮ ಕೊಟ್ಟಿಗೆಯಲ್ಲಿರುವುದು ಯುದ್ಧಕಾಲದ್ದೋ, ಆಮೇಲಿನದೋ ಎಂಬುದನ್ನು ಮೊದಲು ತಿಳಿಯಬೇಕು. ತೊಟ್ಟಿಯ ಹೊರಮೈಗೆ ಹೊಡೆದಿರುವ ಹಿತ್ತಾಳೆ ಅಥವಾ ತಗಡಿನ ಫಲಕವನ್ನು ಉಜ್ಜಿ ಓದಿ, ಕಿತ್ತು ಎಸೆಯಬೇಡಿ.

ಚಕ್ರ ಬಿಚ್ಚುವ ಮೊದಲು

ಇಲ್ಲೊಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು. ಹಳೆಯ ಮಿಲಿಟರಿ ಜೀಪು, ಟ್ರೇಲರುಗಳ ಡಿಸ್ಕು ಎಷ್ಟೋ ಕಡೆ ಒಂದೇ ತುಂಡಿನದಲ್ಲ. ಎರಡು ಹೋಳುಗಳನ್ನು ನಟ್ಟು ಬೋಲ್ಟುಗಳಿಂದ ಸೇರಿಸಿದ್ದು. ಗಾಳಿಯನ್ನು ಪೂರ್ತಿ ತೆಗೆಯದೆ ಆ ನಟ್ಟುಗಳನ್ನು ಸಡಿಲಿಸಿದರೆ ಹೋಳು ಸಿಡಿದು ಎದುರಿಗಿದ್ದವನ ಮುಖಕ್ಕೆ, ಎದೆಗೆ ಬಡಿಯುತ್ತದೆ. ವಾಲ್ವಿನ ಒಳಪಿನ್ನನ್ನೇ ತೆಗೆದು, ಟಯರು ಮೆತ್ತಗಾದುದನ್ನು ಕೈಯಿಂದ ಒತ್ತಿ ನೋಡಿ, ಆಮೇಲೆ ಪಾನೆ ಹಾಕಬೇಕು. ಹೊಸ ತಲೆಮಾರಿನ ಪಂಕ್ಚರ್ ಅಂಗಡಿ ಹುಡುಗರು ಇಂಥ ಡಿಸ್ಕನ್ನು ಕಂಡಿರಲಾರರು. ಕೊಟ್ಟು ಬರುವವರು ಬಾಯಿಬಿಟ್ಟು ಹೇಳಿ ಬರಬೇಕು.

ಚಕ್ರ ಕಳಚಿದ ಮೇಲೆ ಹಬ್ಬು ಬಿಚ್ಚಿ, ಬೇರಿಂಗುಗಳನ್ನು ಡೀಸೆಲಿನಲ್ಲಿ ತೊಳೆದು, ಬೆಳಕಿಗೆ ಹಿಡಿದು ನೋಡಿ. ರೋಲರಿನ ಮೇಲೆ ನೀಲಿ ಛಾಯೆ, ಚುಕ್ಕೆ, ತುಕ್ಕಿನ ಗೆರೆ ಇದ್ದರೆ ಉಳಿಸಬಾರದು. ಹೊಸ ಬೇರಿಂಗು ಹಾಕುವಾಗ ಹೊರಗಿನ ಬಳೆಯನ್ನೂ ಜೊತೆಗೇ ಬದಲಿಸಬೇಕು, ಸೀಲಂತೂ ಹೊಸದೇ ಆಗಬೇಕು. ಗ್ರೀಸನ್ನು ಮೇಲೆ ಸವರಿದರೆ ಸಾಲದು, ಅಂಗೈಯಲ್ಲಿಟ್ಟುಕೊಂಡು ರೋಲರುಗಳ ಸಂದಿಯಿಂದ ಹೊರಬರುವವರೆಗೆ ಒತ್ತಿ ತುಂಬಬೇಕು. ಚಕ್ರ ತಿರುಗಿಸುತ್ತಲೇ ನಟ್ಟು ಬಿಗಿದು, ಸ್ವಲ್ಪ ಹಿಂದಕ್ಕೆ ಬಿಟ್ಟು, ಹೊಸ ಸ್ಪ್ಲಿಟ್ ಪಿನ್ನು ಹಾಕಿ. ಎತ್ತಿನ ಗಾಡಿಗೆ ಕಡಾಣಿ ಹೇಗೋ ಟ್ರೇಲರಿಗೆ ಈ ಪಿನ್ನು ಹಾಗೆ. ಎರಡು ರೂಪಾಯಿ ಉಳಿಸಲು ಹಳೆಯದನ್ನೇ ಬಗ್ಗಿಸಿ ಹಾಕುವವರಿದ್ದಾರೆ. ಮೊದಲ ಓಟದಲ್ಲಿ ಹತ್ತು ಹದಿನೈದು ಕಿಲೋಮೀಟರು ಹೋದ ಮೇಲೆ ನಿಲ್ಲಿಸಿ ಹಬ್ಬನ್ನು ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಬಿಗಿ ಹೆಚ್ಚಾಯಿತೆಂದು ಅರ್ಥ.

ಪಟ್ಟಾಗಳನ್ನು ಬಿಚ್ಚಿ ಒಂದೊಂದಾಗಿ ಉಜ್ಜಿ, ಬಿರುಕು ನೋಡಿ. ಯು-ಬೋಲ್ಟುಗಳನ್ನೂ ಬುಷ್ಷುಗಳನ್ನೂ ಹೊಸದಾಗಿ ಹಾಕುವುದು ಲೇಸು. ಇರುಸು ಸೊಟ್ಟಗಿದೆಯೋ ಎಂಬುದನ್ನು ತಿಳಿಯಲು ಎರಡು ಚಕ್ರಗಳ ನಡುವಿನ ದೂರವನ್ನು ಮುಂದೆಯೂ ಹಿಂದೆಯೂ ಅಳೆದರೆ ಸಾಕು. ವ್ಯತ್ಯಾಸ ಎದ್ದು ಕಂಡರೆ ಲೇತ್ ಇರುವ ವರ್ಕ್‌ಶಾಪಿಗೆ ಒಯ್ಯಬೇಕು.

ಕೊಂಡಿ

ಈ ಟ್ರೇಲರುಗಳ ಮುಂಬಳೆ ಜೀಪಿನ ಹಿಂದಿನ ಬಾಯಿಮುಚ್ಚುವ ಕೊಕ್ಕೆಗೆ ಸಿಕ್ಕುತ್ತದೆ. ಈಗಿನ ಗುಂಡು ಕೊಂಡಿಗಿಂತ ಇದು ಸದ್ದು ಹೆಚ್ಚು ಮಾಡುತ್ತದೆ, ನಿಜ. ಆದರೆ ಜೀಪು ಒಂದು ಕಡೆ ವಾಲಿ ಟ್ರೇಲರು ಇನ್ನೊಂದು ಕಡೆ ವಾಲಿದಾಗಲೂ ಮುರಿಯದೆ ತಿರುಗಿಕೊಳ್ಳುವುದು ಇದೇ. ಕಚ್ಚಾ ದಾರಿಯಲ್ಲಿ ಓಡಿಸುವವರು ಇದನ್ನೇ ಉಳಿಸಿಕೊಳ್ಳಬೇಕು. ಬಳೆಯ ಒಳಮೈ ಸವೆದು ತೆಳ್ಳಗಾಗಿದ್ದರೆ ಅದರ ಮೇಲೆ ವೆಲ್ಡಿಂಗ್ ತುಂಬಿಸುವುದು ಬೇಡ, ಬಳೆಯನ್ನೇ ಬದಲಿಸಿ. ಕೊಕ್ಕೆಯ ಚಿಲಕಕ್ಕೆ ಪಿನ್ನು, ಅದರ ಜೊತೆಗೆ ಎರಡು ಸರಪಳಿಗಳನ್ನು ಕೆಳಗೆ ಅಡ್ಡ ಹಾಯಿಸಿ ಕಟ್ಟಬೇಕು. ಕೊಂಡಿ ಕಳಚಿದರೂ ಮೂತಿ ನೆಲಕ್ಕೆ ಬೀಳದೆ ಸರಪಳಿಯ ತೊಟ್ಟಿಲಲ್ಲಿ ನಿಲ್ಲುತ್ತದೆ.

ಎರಡು ವರ್ಷದ ಹಿಂದೆ ನಮ್ಮ ಸುತ್ತಿನ ಒಂದು ತೋಟದಲ್ಲಿ, ಇಳಿಜಾರಿನಲ್ಲಿ ಚಿಲಕ ತೆರೆದುಕೊಂಡು ಗೊಬ್ಬರದ ಟ್ರೇಲರು ತಾನೇ ಹೊರಟು ಎರಡು ಸಾಲು ಕಾಫಿ ಗಿಡ ಮುರಿದು ಸಿಲ್ವರ್ ಓಕ್ ಮರಕ್ಕೆ ಬಡಿದು ನಿಂತಿತು. ಅದಕ್ಕೆ ಅರ್ಧ ಗಂಟೆ ಮೊದಲು ಅದೇ ಟ್ರೇಲರಿನಲ್ಲಿ ಐದು ಜನ ಹೆಣ್ಣಾಳುಗಳು ಕುಳಿತು ಬಂದಿದ್ದರು. ಇದಕ್ಕಿಂತ ಹೆಚ್ಚು ಬರೆಯಬೇಕಾಗಿಲ್ಲ. ಟ್ರೇಲರು ಸಾಮಾನಿಗೆ, ಜನರಿಗಲ್ಲ. ಗೇಟಿನ ಒಳಗಾದರೂ ಸರಿ, ಅರ್ಧ ಫರ್ಲಾಂಗಾದರೂ ಸರಿ. ಕೂಲಿಯವರನ್ನೂ ಕೂರಿಸಬಾರದು, ಹಟ ಹಿಡಿಯುವ ಮೊಮ್ಮಕ್ಕಳನ್ನೂ ಕೂರಿಸಬಾರದು.

ಮುಂಭಾರ, ಹಿಂಭಾರ

ಗಾಡಿ ಹೊಡೆದ ಹಿರಿಯರಿಗೆ ಇದನ್ನು ಕಲಿಸಬೇಕಾಗಿಲ್ಲ. ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ, ಹಿಂಭಾರವಾದರೆ ನೊಗ ಮೇಲಕ್ಕೇಳುತ್ತದೆ. ಟ್ರೇಲರಿಗೂ ಅದೇ ನ್ಯಾಯ. ಹಿಂಭಾರವಾದ ಟ್ರೇಲರು ವೇಗ ಏರಿದಂತೆ ಹಾವಿನ ಹಾಗೆ ಹೊಯ್ದಾಡಿ ಜೀಪನ್ನೂ ಎಳೆದಾಡುತ್ತದೆ. ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಕೊಂಡಿಯ ಮೇಲೆ ಬೀಳುವಂತೆ ಹೇರಬೇಕು.

ಲೆಕ್ಕ ಹೀಗೆ. ಯುದ್ಧಕಾಲದ ಕಾಲು ಟನ್ನಿನ ಟ್ರೇಲರಿನ ಬರಿಯ ತೂಕ ಸುಮಾರು 550 ಪೌಂಡು, ಅಂದರೆ 250 ಕಿಲೋ. ಕಚ್ಚಾ ದಾರಿಯಲ್ಲಿ ಅದಕ್ಕೆ ಹೇರಬಹುದಾದದ್ದು 500 ಪೌಂಡು, ಅಂದರೆ 227 ಕಿಲೋ. ಒಳ್ಳೆಯ ರಸ್ತೆಯಲ್ಲಿ ಅದರ ಎರಡರಷ್ಟು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, 50 ಕಿಲೋ ಮೂಟೆಯಾದರೆ ತೋಟದ ದಾರಿಯಲ್ಲಿ 4, ಟಾರು ರಸ್ತೆಯಲ್ಲಿ 9. ತೊಟ್ಟಿ ತುಂಬುವವರೆಗೆ ಹೇರುವುದು ಲೆಕ್ಕವಲ್ಲ. ಕಚ್ಚಾ ದಾರಿಯ ಹೇರು ಸೇರಿ ಒಟ್ಟು 477 ಕಿಲೋ ಆದಾಗ ಕೊಂಡಿಯ ಮೇಲೆ 48ರಿಂದ 72 ಕಿಲೋ ಇರಬೇಕು. ಮೂಟೆ ತೂಗುವ ತಕ್ಕಡಿಯ ಮೇಲೆ ಮುಂಬಳೆಯನ್ನು ಇಟ್ಟರೆ ಒಂದು ನಿಮಿಷದಲ್ಲಿ ತಿಳಿಯುತ್ತದೆ.

ಡೇರೆ ಹಾಕುವ ಹುಡುಗರೂ ಇದೇ ಲೆಕ್ಕ ಹಾಕಲಿ. ನೀರು 60 ಲೀಟರು ಎಂದರೆ 60 ಕಿಲೋ. ಡೇರೆ, ಹಾಸಿಗೆ 40. ಅಡಿಗೆ ಸಾಮಾನು, ಪಾತ್ರೆ 30. ಬ್ಯಾಟರಿ 25. ಜಾಕು, ಹಾರೆ, ಹಗ್ಗ 20. ಸಣ್ಣ ಗ್ಯಾಸು 13. ಇಷ್ಟಕ್ಕೇ 188 ಆಯಿತು. ಉಳಿದ 39 ಕಿಲೋದಲ್ಲಿ ಮುಚ್ಚಳ, ಅಡಿಗೆ ಪೆಟ್ಟಿಗೆ ಎಲ್ಲವೂ ಆಗಬೇಕು. ಆದ್ದರಿಂದ ಕಬ್ಬಿಣದ ದೊಡ್ಡ ಗೂಡು ಕಟ್ಟುವ ಆಸೆ ಬಿಡುವುದು ಒಳ್ಳೆಯದು. ನಮ್ಮ ಕಮಾನು ಗಾಡಿಯೇ ಮಾದರಿಯಾಗಲಿ. ಬಾಗಿಸಿದ ತೆಳು ಕೊಳವೆ, ಮೇಲೆ ಕ್ಯಾನ್ವಾಸು. ಭಾರ ಕೆಳಗೆ, ಇರುಸಿನ ಸುತ್ತ, ಹಗುರವಾದದ್ದು ಮೇಲೆ. ಓರೆಯ ದಾರಿಯಲ್ಲಿ ಮಗುಚುವುದು ಎತ್ತರದ ಟ್ರೇಲರೇ.

ತೊಟ್ಟಿ, ಬಣ್ಣ, ದೀಪ

ತೊಟ್ಟಿಯ ತಳದಲ್ಲಿ ನೀರು ಹೋಗುವ ಬಿರಡೆಗಳಿರುತ್ತವೆ. ಮಳೆಯಲ್ಲಿ ನಿಂತಿರುವಾಗ ತೆರೆದಿರಬೇಕು, ಹಳ್ಳ ದಾಟುವಾಗ ಮುಚ್ಚಿರಬೇಕು. ಹೆಚ್ಚಿನ ತೊಟ್ಟಿಗಳು ಹಾಳಾದದ್ದು ಈ ಬಿರಡೆಯನ್ನು ವರ್ಷಗಟ್ಟಲೆ ಮುಚ್ಚಿಟ್ಟು ಎಲೆಗೊಬ್ಬರ ಕೊಳೆಸಿದ್ದರಿಂದ. ಕೊಳೆತ ತಗಡಿನ ಮೇಲೆ ತೇಪೆ ಹಾಕದೆ, ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ಹೊಸದನ್ನು ಬೆಸೆಯಬೇಕು. ಆಮೇಲೆ ಪ್ರೈಮರು, ಆಮೇಲೆ ಬಣ್ಣ.

ಬಣ್ಣದ ವಿಷಯದಲ್ಲಿ ಹುಡುಗರಿಗೆ ನಿರಾಶೆಯ ಸುದ್ದಿಯಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೆಯ ನಿಯಮದಂತೆ ರಕ್ಷಣಾ ಇಲಾಖೆಯ ವಾಹನ ಬಿಟ್ಟು ಬೇರಾವುದಕ್ಕೂ ಮಿಲಿಟರಿಯ ಆಲಿವ್ ಹಸಿರು ಬಳಿಯುವಂತಿಲ್ಲ. ಕಾಯಿದೆಯ ಪ್ರಕಾರ ಟ್ರೇಲರೂ ವಾಹನವೇ. ನಾವು ಬೂದು ಬಣ್ಣ ಬಳಿದೆವು, ಚೆನ್ನಾಗಿಯೇ ಕಾಣುತ್ತದೆ.

ದೀಪದ ತಂತಿಯನ್ನು ಪೂರ್ತಿ ಹೊಸದಾಗಿ ಎಳೆಯಬೇಕು. ಯುದ್ಧಕಾಲದ್ದು 6 ವೋಲ್ಟು, ಆಮೇಲಿನ ಮಿಲಿಟರಿ ವಾಹನಗಳದು ಸಾಮಾನ್ಯವಾಗಿ 24, ನಮ್ಮ ಜೀಪಿನದು 12. ಹಳೆಯ ಬಲ್ಬು ಒಂದೂ ಹೊಂದುವುದಿಲ್ಲ. ಅರ್ತಿಗೆ ಕೊಂಡಿಯನ್ನು ನಂಬದೆ ಬೇರೆ ತಂತಿ ಕೊಡಿ.

ಕಾಗದಪತ್ರ

1988ರ ಮೋಟಾರು ವಾಹನ ಕಾಯಿದೆಯ 61ನೆಯ ಸೆಕ್ಷನ್ನಿನಂತೆ ಟ್ರೇಲರಿಗೂ ನೋಂದಣಿ ಬೇಕು. ಎಳೆಯುವ ವಾಹನದ ನಂಬರು ಟ್ರೇಲರಿನ ಹಿಂದೆ ಕಾಣಬೇಕು. ದಾಖಲೆಯಲ್ಲಿರುವ ವಿವರಕ್ಕೆ ಹೊಂದದಂತೆ ರೂಪ ಬದಲಿಸಲು 52ನೆಯ ಸೆಕ್ಷನ್ನಿನ ತಡೆಯಿದೆ. ಹರಾಜಿನ ಮಾಲನ್ನು ಕೊಳ್ಳುವವರು ಬಿಡುಗಡೆ ಪತ್ರವಿಲ್ಲದೆ ಹಣ ಕೊಡಬಾರದು. ಟ್ರೇಲರು ಎಳೆಯುವ ವಿಷಯ ಜೀಪಿನ ವಿಮೆಯಲ್ಲಿ ಸೇರಿದೆಯೇ ಎಂದು ಪಾಲಿಸಿ ತೆಗೆದು ಓದಿಕೊಳ್ಳುವುದು ಒಳ್ಳೆಯದು.

ದಾರಿ ಮತ್ತು ಬಿಡಾರ

ನಮ್ಮ ಜಿಲ್ಲೆಯ ಈ ಪಟ್ಟಿಯಲ್ಲಿ ನೆಲ ಮೂರು ಬಗೆ. ಬೇಲೂರಿನ ಪಡುವಣ ತೋಟಗಳಲ್ಲಿ ಜಾರುವ ಕೆಸರು, ಕಡಿದಾದ ಇಳಿಜಾರು. ಈ ಟ್ರೇಲರಿಗಿರುವುದು ನಿಲ್ಲಿಸಿದಾಗ ಹಾಕುವ ಕೈಬ್ರೇಕು ಮಾತ್ರ, ಓಟದಲ್ಲಿ ಅದು ನೆರವಿಗೆ ಬಾರದು. ಆದ್ದರಿಂದ ಇಳಿಯುವ ಮೊದಲೇ ಕೆಳಗಿನ ಗೇರು. ಹಳೇಬೀಡು ಕಡೆಯ ಆಲೂಗಡ್ಡೆ, ಜೋಳದ ಹೊಲದ ಹಾದಿಯಲ್ಲಿ ಗಾಡಿ ಜಾಡಿನ ಆಳ. ಅಲ್ಲಿ ಟ್ರೇಲರಿನ ಜಾಡು ಜೀಪಿನ ಜಾಡಿಗೆ ಸರಿಹೊಂದಿರಬೇಕು. ಜಾವಗಲ್ ದಾಟಿ ಅರಸೀಕೆರೆಯ ಒಣ ಸೀಮೆಗೆ ಇಳಿದರೆ ಜಾಲಿ ಮುಳ್ಳು. ಟಯರೂ ಡಿಸ್ಕೂ ಜೀಪಿನದೇ ಅಳತೆಯವಾಗಿದ್ದರೆ ಒಂದೇ ಸ್ಟೆಪ್ನಿ ಮೂರಕ್ಕೂ ಆಗುತ್ತದೆ. ತಿರುಗಿಸಲು ಜಾಗವಿಲ್ಲದ ಕಡೆ ಹಿಂದಕ್ಕೆ ಒತ್ತಿ ಒದ್ದಾಡುವುದಕ್ಕಿಂತ, ಸಾಮಾನು ಇಳಿಸಿ, ಕೊಂಡಿ ಬಿಚ್ಚಿ, ಇಬ್ಬರು ಕೈಯಿಂದಲೇ ತಿರುಗಿಸುವುದು ಜಾಣತನ.

ಬಿಡಾರ ಎಲ್ಲಿ ಹೂಡಬೇಕು? ಮೀಸಲು ಅರಣ್ಯದೊಳಗೆ ಅಪ್ಪಣೆಯಿಲ್ಲದೆ ಹೋಗುವುದು 1963ರ ಕರ್ನಾಟಕ ಅರಣ್ಯ ಕಾಯಿದೆಯಂತೆ ಅಪರಾಧ. ಕಾಯಿದೆಗಿಂತ ದೊಡ್ಡ ಮಾತು ಆನೆಯದು. ಬೇಲೂರು, ಆಲೂರು, ಸಕಲೇಶಪುರದ ತೋಟಗಳಲ್ಲಿ ಆನೆ ಓಡಾಡುವುದನ್ನು ನಾವು ಯಾರಿಗೂ ಹೇಳಬೇಕಾಗಿಲ್ಲ. ಹಲಸು, ಬಾಳೆ, ಭತ್ತದ ವಾಸನೆ ಇರುವಲ್ಲಿ ಕ್ಯಾನ್ವಾಸಿನ ಗೋಡೆ ಗೋಡೆಯಲ್ಲ. ಆ ಕಡೆ ರಾತ್ರಿ ತಂಗುವ ಯೋಚನೆಯೇ ಬೇಡ. ಅರಸೀಕೆರೆ ಕಡೆ ನೆಂಟರ ತೆಂಗಿನ ತೋಟವಿದ್ದರೆ ಅಪ್ಪಣೆ ಕೇಳಿ ಅಲ್ಲಿ ಡೇರೆ ಹಾಕಿ. ಗಾಡಿ ಕಟ್ಟಿಕೊಂಡು ಜಾತ್ರೆಗೆ ಹೋಗಿ ತೋಪಿನಲ್ಲಿ ಇಳಿದು ಅನ್ನ ಬೇಯಿಸಿ ಉಂಡು ಬಂದವರ ಮಕ್ಕಳು ನಾವು. ಇದು ಅದರ ಮುಂದುವರಿಕೆಯೇ ಹೊರತು ಹೊಸ ಷೋಕಿಯಲ್ಲ.

ಕೊಯ್ಲು ಶುರುವಾಗುವ ಮುಂಚೆ ಟ್ರೇಲರು ಇರುವ ಸದಸ್ಯರು ಒಂದು ದಿನ ಅದನ್ನು ಹೇರು ಸಮೇತ ಸಂಘದ ತೂಕದ ಕಟ್ಟೆಗೆ ತರಬೇಕೆಂದು ಕೋರುತ್ತೇವೆ. ಒಟ್ಟು ತೂಕ, ಕೊಂಡಿಯ ತೂಕ ಎರಡನ್ನೂ ಬರೆದುಕೊಡುತ್ತೇವೆ. ಚಿಲಕದ ಪಿನ್ನು, ಸರಪಳಿ, ಹಿಂದಿನ ದೀಪ ಈ ಮೂರನ್ನು ನೋಡಿ ಹೇಳುತ್ತೇವೆ. ಇದಕ್ಕೆ ಶುಲ್ಕವಿಲ್ಲ.