ಬಳಸಿದ ಐಷಾರಾಮಿ ಎಸ್‌ಯುವಿ: ಕೊಂಡ ಬೆಲೆಯೂ ತಗಲುವ ಬೆಲೆಯೂ

ಗೋಕಾಕ ತಾಲೂಕಿನ ಅಂಕಲಗಿಯಂತಹ ವ್ಯಾಪಾರಿ ಊರುಗಳಲ್ಲಿ ಒಬ್ಬ ವರ್ತಕನ ಸ್ಥಿತಿಗತಿಯನ್ನು ಹಿಂದೆ ಅವನ ಗೋದಾಮಿನ ಉದ್ದಗಲದಿಂದ ಅಳೆಯುತ್ತಿದ್ದರು. ಈಗ ಅಂಗಡಿಯ ಮುಂದೆ ನಿಂತ ವಾಹನವೂ ಆ ಅಳತೆಗೋಲಾಗಿದೆ. ಕಬ್ಬಿನ ಬಿಲ್ಲು ಕೈಸೇರಿದ ಮೇಲೆ, ಇಲ್ಲವೇ ಒಂದೆರಡು ಹಂಗಾಮು ಕಾಳುಕಡಿಯ ವ್ಯಾಪಾರ ಕೈಹಿಡಿದ ಮೇಲೆ, ಪುಣೆ ಅಥವಾ ಮುಂಬಯಿಯಲ್ಲಿ ಮೊದಲು ನೋಂದಣಿಯಾದ ಎತ್ತರದ ಐಷಾರಾಮಿ ಎಸ್‌ಯುವಿಯೊಂದನ್ನು ಕಡಿಮೆ ಬೆಲೆಗೆ ತರುವ ವಿಚಾರ ಮನೆಯಲ್ಲಿ ಮೂಡುತ್ತದೆ. ಹೊಸದಾಗಿದ್ದಾಗ 80 ಲಕ್ಷ ರೂಪಾಯಿ ಬೆಲೆಬಾಳಿದ ವಾಹನವು ಎಂಟು ವರ್ಷಗಳ ನಂತರ 24 ಲಕ್ಷಕ್ಕೆ ದೊರೆಯುವುದಾದರೆ ಅದನ್ನು ಲಾಭದ ವ್ಯವಹಾರವೆಂದು ಭಾವಿಸುವುದು ಸಹಜ. ಆದರೆ ಇಂಥ ವಾಹನಗಳ ಒಡೆಯರ ಅನುಭವವು ಬೇರೊಂದು ಲೆಕ್ಕವನ್ನು ಮುಂದಿಡುತ್ತದೆ.

ಆ ಲೆಕ್ಕದ ಮೂಲಸೂತ್ರ ಸರಳವಾದುದು. ವಾಹನದ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. 24 ಲಕ್ಷಕ್ಕೆ ಕೊಂಡ ವಾಹನವು ರಿಪೇರಿಯ ಪಟ್ಟಿಯಲ್ಲಿ ಇನ್ನೂ 80 ಲಕ್ಷದ ವಾಹನವಾಗಿಯೇ ಉಳಿದಿರುತ್ತದೆ. ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೆ ನಿಲ್ಲುವ ಏರ್ ಸಸ್ಪೆನ್ಶನ್ ಇದಕ್ಕೆ ಉತ್ತಮ ನಿದರ್ಶನ. ರಬ್ಬರು ಕಿಲೋಮೀಟರಿನಿಂದ ಮಾತ್ರವಲ್ಲದೆ ವಯಸ್ಸಿನಿಂದಲೂ ಸೀಳುತ್ತದೆ. ಒಂದು ಚೀಲ ಸೋರತೊಡಗಿದರೆ ಗಾಳಿ ತುಂಬುವ ಕಂಪ್ರೆಸರ್ ಬಿಡುವಿಲ್ಲದೆ ದುಡಿದು ಅದೂ ಕೆಡುತ್ತದೆ. ರಾತ್ರಿ ನಿಲ್ಲಿಸಿದ ವಾಹನ ಬೆಳಿಗ್ಗೆ ಒಂದು ಮೂಲೆಯಲ್ಲಿ ಕುಸಿದು ನಿಂತಿದ್ದರೆ ಅದು ಈ ಖರ್ಚಿನ ಮುನ್ಸೂಚನೆ. ಆದುದರಿಂದ ಕೊಳ್ಳುವ ಮೊದಲು ವಾಹನವನ್ನು ಒಂದು ರಾತ್ರಿ ನಿಲ್ಲಿಸಿ ಮರುದಿನ ನೋಡುವುದು ಬಹುಶಃ ಅತ್ಯಂತ ಅಗ್ಗದ ತಪಾಸಣೆ.

ಡೀಸೆಲ್ ಹೊಗೆಯ ಮಸಿಯನ್ನು ಹಿಡಿದಿಡುವ ಪರ್ಟಿಕ್ಯುಲೇಟ್ ಫಿಲ್ಟರ್ ಇನ್ನೊಂದು ಸಂಗತಿ. ಆ ಮಸಿ ಸುಟ್ಟು ಫಿಲ್ಟರ್ ತಾನಾಗಿ ಶುದ್ಧಗೊಳ್ಳಲು ವಾಹನವು ಸ್ವಲ್ಪ ಹೊತ್ತು ಒಂದೇ ಸಮನೆ ವೇಗವಾಗಿ ಓಡಬೇಕು. ಹೆದ್ದಾರಿಯಲ್ಲಿ ಇದಕ್ಕೆ ಅಡ್ಡಿಯಿಲ್ಲ. ಅಂಗಡಿಯಿಂದ ಗದ್ದೆಗೆ, ಗದ್ದೆಯಿಂದ ಮಾರುಕಟ್ಟೆಗೆ, ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುವ ವಾಹನಕ್ಕೆ ಅಂಥ ಅವಕಾಶ ದೊರೆಯುವುದು ಅಪರೂಪ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್.-6 ಮಾನದಂಡದ ಡೀಸೆಲ್ ವಾಹನಗಳನ್ನು ನೋಡುತ್ತಿರುವವರು ತಮ್ಮ ದಿನನಿತ್ಯದ ಓಡಾಟ ಎಂಥದು ಎಂಬುದನ್ನು ಮೊದಲು ಯೋಚಿಸತಕ್ಕದ್ದು.

ಟೈರುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಬದಿಯಲ್ಲಿ ಅಚ್ಚಾದ ನಾಲ್ಕು ಅಂಕಿಗಳು ತಯಾರಿಕೆಯ ವಾರವನ್ನೂ ವರ್ಷವನ್ನೂ ತಿಳಿಸುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರ. ಪಟ್ಟಿ ಸವೆಯದಿದ್ದರೂ ಟೈರು ಹಳತಾಗಿರಬಹುದು.

ಎಲ್ಲ ದೊಡ್ಡ ವಾಹನಗಳೂ ಒಂದೇ ಬಗೆಯವಲ್ಲ. 2009ರಲ್ಲಿ ಭಾರತದ ಮಾರುಕಟ್ಟೆಗೆ ಬಂದು ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಫಾರ್ಚೂನರ್ ಗಟ್ಟಿ ಚೌಕಟ್ಟಿನ ಮೇಲೆ ಕಟ್ಟಿದ, ಮರುಮಾರಾಟದಲ್ಲಿ ಬೆಲೆ ಉಳಿಸಿಕೊಳ್ಳುವ ವಾಹನ. ಆ ಕಾರಣದಿಂದಲೇ ಅದು ಬಳಸಿದ್ದಾದರೂ ಅಗ್ಗವಾಗಿ ಸಿಗುವುದಿಲ್ಲ. ಯುರೋಪಿನ ಐಷಾರಾಮಿ ವಾಹನಗಳು ಬೇಗನೆ ಬೆಲೆ ಕಳೆದುಕೊಳ್ಳುತ್ತವೆ. ಅಗ್ಗವಾಗಿ ಸಿಗುವುದೂ ಅದೇ ಕಾರಣಕ್ಕೆ. ಟೊಯೋಟಾದೊಡನೆ ಸೇರಿಕೊಂಡ ಕಿರ್ಲೋಸ್ಕರ್ ಹೆಸರಿನ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರ್ ಇದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು, 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಉದ್ಯಮಕ್ಕಿಳಿದವರು ಎಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ನೆನೆಯಬಹುದು.

ನೆರೆಯ ನೀರು ಕಂಡ ವಾಹನ

2019ರ ಆಗಸ್ಟ್ ತಿಂಗಳಿನಲ್ಲಿ ಘಟಪ್ರಭಾ ಮತ್ತು ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕ ಪಟ್ಟಣ ಜಲಾವೃತವಾದುದು ಈ ಭಾಗದ ವರ್ತಕರು ಮರೆಯುವ ಸಂಗತಿಯಲ್ಲ. ಅದೇ ವಾರಗಳಲ್ಲಿ ಕೊಲ್ಲಾಪುರ ಮತ್ತು ಸಾಂಗಲಿ ಮುಳುಗಿದವು. 2021ರ ಜುಲೈನಲ್ಲಿ ಕೊಲ್ಲಾಪುರ ಮತ್ತೊಮ್ಮೆ ನೆರೆ ಕಂಡಿತು. ಹೀಗೆ ಮುಳುಗಿದ ವಾಹನಗಳೆಲ್ಲ ಗುಜರಿಗೆ ಹೋಗುವುದಿಲ್ಲ. ವಿಮಾ ಕಂಪನಿಯು ಪೂರ್ಣ ನಷ್ಟವೆಂದು ಪರಿಹಾರ ಕೊಟ್ಟ ವಾಹನವು ಹರಾಜಿನಲ್ಲಿ ಕೈಬದಲಾಗಿ, ತೊಳೆದು ಒಣಗಿ, ಹೊಳಪು ಪಡೆದು ಮತ್ತೆ ಮಾರುಕಟ್ಟೆಗೆ ಬರುವುದುಂಟು. ಹತ್ತಾರು ವಿದ್ಯುನ್ಮಾನ ಘಟಕಗಳನ್ನು ನೆಲಹಾಸಿನ ಕೆಳಗೂ ಆಸನಗಳ ಅಡಿಯಲ್ಲೂ ಇಟ್ಟುಕೊಂಡ ಐಷಾರಾಮಿ ವಾಹನದಲ್ಲಿ ಈ ಹಾನಿ ತಿಂಗಳುಗಳ ನಂತರ, ಒಂದರ ಹಿಂದೊಂದರಂತೆ ಕಾಣಿಸಿಕೊಳ್ಳುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ ಬುಡದಲ್ಲಿ ಮಣ್ಣಿನ ಕಲೆ, ಆಸನದ ಹಳಿಗಳಲ್ಲಿ ತುಕ್ಕು, ದೀಪಗಳ ಗಾಜಿನೊಳಗೆ ಮಂಜು, ಡಿಕ್ಕಿಯ ಹೆಚ್ಚುವರಿ ಗಾಲಿಯ ಗುಂಡಿಯಲ್ಲಿ ಕೆಸರು ಇವೆಯೇ ಎಂದು ನೋಡಬೇಕು. ಹಿಂದಿನ ವಿಮಾ ಪಾಲಿಸಿಗಳನ್ನು ಕೇಳಿ ಪಡೆದು ಅವುಗಳ ಮೇಲೆ ಪರಿಹಾರ ಪಡೆದಿದ್ದಾರೆಯೇ ಎಂದು ಕಂಪನಿಯಿಂದಲೇ ಖಚಿತಪಡಿಸಿಕೊಳ್ಳಬೇಕು. ಪಾಲಿಸಿ ತೋರಿಸಲು ಹಿಂಜರಿಯುವ ಮಾರಾಟಗಾರನೊಡನೆ ಬೆಲೆಯ ಮಾತು ಅನಾವಶ್ಯಕ.

ಹೊರರಾಜ್ಯದ ನೋಂದಣಿ ಮತ್ತು ಜೀವಾವಧಿ ತೆರಿಗೆ

ಅನೇಕರ ಅಂದಾಜು ತಪ್ಪುವುದು ಇಲ್ಲಿ. ಹೊರರಾಜ್ಯದ ವಾಹನವನ್ನು ಗೋಕಾಕದ ಕೆ.ಎ. 49 ಸರಣಿಗೆ ತರಬೇಕಾದರೆ ಮೂಲ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ, ಸಾಲವಿದ್ದಲ್ಲಿ ಬ್ಯಾಂಕಿನ ಬಿಡುಗಡೆ ಪತ್ರ, ಇವುಗಳೊಡನೆ ಕರ್ನಾಟಕದ ಜೀವಾವಧಿ ತೆರಿಗೆಯನ್ನು ಕಟ್ಟಬೇಕು. ಈ ತೆರಿಗೆಯನ್ನು ಲೆಕ್ಕ ಹಾಕುವುದು ಈಗ ಕೊಟ್ಟ 24 ಲಕ್ಷದ ಮೇಲಲ್ಲ, ವಾಹನ ಹೊಸದಾಗಿದ್ದಾಗಿನ ಬೆಲೆಯ ಮೇಲೆ. ವಯಸ್ಸಿಗೆ ತಕ್ಕಂತೆ ಅದರಲ್ಲಿ ಕಡಿತ ದೊರೆಯುತ್ತದೆ. 20 ಲಕ್ಷ ರೂಪಾಯಿ ಮೀರಿದ ಕಾರಿಗೆ ದರ ಶೇ. 18, ಅದರ ಮೇಲೆ ಉಪಕರ. ಮೇಲಿನ ಉದಾಹರಣೆಯಲ್ಲಿ 80 ಲಕ್ಷಕ್ಕೆ ಶೇ. 18ರಂತೆ 14.40 ಲಕ್ಷ, ವಯಸ್ಸಿನ ಕಡಿತದ ನಂತರ ಅದರ ಅರ್ಧವಷ್ಟೇ ಉಳಿಯಿತೆಂದು ಹಿಡಿದರೂ 7.20 ಲಕ್ಷ ರೂಪಾಯಿ. ಅಲ್ಲಿಗೆ 24 ಲಕ್ಷದ ವಾಹನ, ಉಪಕರವನ್ನು ಬದಿಗಿಟ್ಟರೂ, 31.20 ಲಕ್ಷದ್ದಾಯಿತು. ಮೂಲ ರಾಜ್ಯದಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ಅವಧಿಯ ಭಾಗವನ್ನು ಮರಳಿ ಕೇಳಬಹುದಾದರೂ ಆ ಅರ್ಜಿ ಅಲ್ಲಿಯೇ ಸಲ್ಲಬೇಕು, ಹಿಂದಿನ ಒಡೆಯನ ಸಹಕಾರವೂ ಬೇಕು. ಹಣ ಪೂರ್ತಿ ಕೈಸೇರಿದ ಮೇಲೆ ಅಂಥ ಸಹಕಾರ ತೆಳುವಾಗುತ್ತದೆ.

ದೆಹಲಿಯ ವಾಹನಗಳು ಅಗ್ಗವಾಗಿ ದಕ್ಷಿಣಕ್ಕೆ ಹರಿದುಬಂದ ಹಿನ್ನೆಲೆಯೂ ತಿಳಿದಿರಲಿ. ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ರಾಜಧಾನಿ ವಲಯದಲ್ಲಿ ಓಡಕೂಡದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2025ರಲ್ಲಿ ಅದೇ ನ್ಯಾಯಾಲಯದ ಆದೇಶಗಳಿಂದ ನಿರ್ಬಂಧ ಸಡಿಲಗೊಂಡಿದೆ. ಅಲ್ಲಿ ಅಗ್ಗವಾದುದಕ್ಕೆ ಕಾರಣ ವಾಹನದ ದೋಷವಾಗಿರಲಿಕ್ಕಿಲ್ಲ. ಆದರೆ ಹದಿನೈದು ವರ್ಷಕ್ಕೆ ಮುಗಿಯುವ ನೋಂದಣಿಯಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಎಣಿಸಿಯೇ ಬೆಲೆ ಕಟ್ಟಬೇಕು.

ಹೆಸರು ಬದಲಾಗದ ವಾಹನ

ಸಹಿ ಮಾಡಿದ ಖಾಲಿ 29 ಮತ್ತು 30ನೆಯ ನಮೂನೆಗಳನ್ನು ಕೊಟ್ಟು ವಾಹನವನ್ನು ಕೈಬಿಡುವ ರೂಢಿ ನಮ್ಮ ಭಾಗದಲ್ಲಿ ಇನ್ನೂ ಉಳಿದಿದೆ. ಕೊಂಡವನು ಮತ್ತೊಬ್ಬನಿಗೆ, ಅವನು ಮಗದೊಬ್ಬನಿಗೆ ಮಾರಿದರೂ ಕಾಗದದಲ್ಲಿ ಮೊದಲನೆಯವನೇ ಒಡೆಯ. ಹೀಗೆ ನಾಲ್ಕಾರು ಕೈ ಬದಲಾದ ವಾಹನವೊಂದರ ಅಪಘಾತದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿ 6ರಂದು ತೀರ್ಪಿತ್ತು, ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ಕಣ್ಣಿಗೆ ಒಡೆಯರು, ಪರಿಹಾರದ ಹೊಣೆ ಅವರದೇ ಎಂದು ಸ್ಪಷ್ಟಪಡಿಸಿತು. ವಿಮೆ ಇಲ್ಲದಿರುವಾಗ ಅಪಘಾತವಾದರೆ, ವರ್ಷಗಳ ಹಿಂದೆ ವಾಹನ ಮಾರಿ ಅದನ್ನು ಮರೆತ ವರ್ತಕನ ಮನೆ, ಗೋದಾಮು, ಹೊಲಗಳು ಆ ಪರಿಹಾರಕ್ಕೆ ಗುರಿಯಾಗಬಹುದು. ಹಳೆಯ ವಾಹನವನ್ನು ವಿನಿಮಯಕ್ಕೆ ಕೊಟ್ಟು ಹೊಸದನ್ನು ತರುವ ಉತ್ಸಾಹದಲ್ಲಿ ಈ ಮಾತು ಮರೆತುಹೋಗುವುದೇ ಹೆಚ್ಚು.

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳು ಇದಕ್ಕೆ ಒಂದು ದಾರಿ ತೋರಿಸಿವೆ. ಸಾರಿಗೆ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆದ ಬಳಸಿದ ವಾಹನಗಳ ವ್ಯಾಪಾರಿಗೆ ವಾಹನ ಒಪ್ಪಿಸಿ, ಆ ಸಂಗತಿಯನ್ನು ನಿಗದಿತ ನಮೂನೆಯಲ್ಲಿ ಪ್ರಾಧಿಕಾರಕ್ಕೆ ತಿಳಿಸಿದರೆ, ಅಲ್ಲಿಂದಾಚೆಗೆ ಆ ವ್ಯಾಪಾರಿಯನ್ನೇ ಒಡೆಯನೆಂದು ಪರಿಗಣಿಸಲಾಗುತ್ತದೆ. ಅಧಿಕಾರ ಪತ್ರವಿಲ್ಲದ ದಲ್ಲಾಳಿಗೆ ಒಪ್ಪಿಸಿದವರಿಗೆ ಈ ರಕ್ಷಣೆ ಇಲ್ಲ. ಕೊಂಡವರೂ ವಿಮೆಯನ್ನು 14 ದಿನಗಳೊಳಗೆ ತಮ್ಮ ಹೆಸರಿಗೆ ಬದಲಾಯಿಸಲು ಅರ್ಜಿ ಕೊಡಬೇಕು. ಮೂರನೆಯವರಿಗಾದ ಹಾನಿಯ ರಕ್ಷಣೆ ತಾನಾಗಿ ವರ್ಗವಾದರೂ ಸ್ವಂತ ವಾಹನದ ಹಾನಿಗೆ ಆ ಸೌಲಭ್ಯವಿಲ್ಲ. ಪರಿಹಾರ ಕೇಳದಿದ್ದುದಕ್ಕೆ ದೊರೆಯುವ ಬೋನಸ್ ವಾಹನದೊಡನೆ ಬರುವುದಿಲ್ಲ, ಅದು ಹಿಂದಿನ ಒಡೆಯನದು.

ಖಾತೆ ಪುಸ್ತಕದಲ್ಲಿ ಎಸ್‌ಯುವಿ

‘ಸವಕಳಿ ಸಿಗುತ್ತದೆ, ತೆರಿಗೆ ಉಳಿಯುತ್ತದೆ’ ಎಂಬ ಮಾತು ಇಂಥ ಖರೀದಿಗೆ ಸಮರ್ಥನೆಯಾಗಿ ಬರುತ್ತದೆ. ಅದು ಎಲ್ಲರಿಗೂ ಅನ್ವಯಿಸುವುದಿಲ್ಲ. ವಹಿವಾಟಿನ ಅಂದಾಜಿನ ಮೇಲೆ ಲಾಭ ಘೋಷಿಸುವ ಸಣ್ಣ ವ್ಯಾಪಾರಿಗೆ ಸವಕಳಿಯನ್ನು ಈಗಾಗಲೇ ಕೊಟ್ಟಾಗಿದೆ ಎಂದೇ ಕಾನೂನು ಎಣಿಸುತ್ತದೆ. ಬೇರೆಯಾಗಿ ಒಂದು ರೂಪಾಯಿಯೂ ಕಳೆಯುವಂತಿಲ್ಲ. ಕಬ್ಬಿನ ಆದಾಯ ಮಾತ್ರ ಇರುವವರಿಗೆ ತೆರಿಗೆಯೇ ಇಲ್ಲದಿರುವಾಗ ಉಳಿಯುವುದೇನು? ಲೆಕ್ಕಪತ್ರ ಇಟ್ಟು ನಿಜವಾದ ಲಾಭದ ಮೇಲೆ ತೆರಿಗೆ ಕಟ್ಟುವ ಸಂಸ್ಥೆಗಳಿಗಷ್ಟೇ ಈ ಮಾತು ಸಲ್ಲುತ್ತದೆ, ಅದೂ ಸ್ವಂತ ಬಳಕೆಯ ಭಾಗವನ್ನು ಬಿಟ್ಟು.

ದರವು ಕಳೆದುಳಿದ ಮೌಲ್ಯದ ಮೇಲೆ ಶೇ. 15, ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ನವೆಂಬರಿನಲ್ಲಿ ಕೊಂಡ ಮೇಲಿನ ವಾಹನಕ್ಕೆ ಮೊದಲ ವರ್ಷ 31.20 ಲಕ್ಷದ ಮೇಲೆ 2.34 ಲಕ್ಷ, ಎರಡನೆಯ ವರ್ಷ 28.86 ಲಕ್ಷದ ಮೇಲೆ ಸುಮಾರು 4.33 ಲಕ್ಷ, ಮೂರನೆಯ ವರ್ಷ ಸುಮಾರು 3.68 ಲಕ್ಷ. ಉಳಿಯುವುದು ಸುಮಾರು 20.85 ಲಕ್ಷ. ಇಷ್ಟೂ ದೊರೆಯಬೇಕಾದರೆ ಹಣ ಬ್ಯಾಂಕಿನ ಮೂಲಕವೇ ಹೋಗಿರಬೇಕು. 24 ಲಕ್ಷದಲ್ಲಿ 8 ಲಕ್ಷವನ್ನು ಒಮ್ಮೆಗೇ ನಗದಾಗಿ ಕೊಟ್ಟಿದ್ದರೆ ಆ 8 ಲಕ್ಷ ಸ್ವತ್ತಿನ ಬೆಲೆಯಲ್ಲಿ ಸೇರುವುದಿಲ್ಲ. ಒಂದು ದಿನಕ್ಕೆ ಒಬ್ಬರಿಗೆ 10,000 ರೂಪಾಯಿಗಿಂತ ಹೆಚ್ಚಿನ ನಗದು ಪಾವತಿಗೆ ಈ ನಿಯಮ ತಗಲುತ್ತದೆ. 2 ಲಕ್ಷ ಅಥವಾ ಮೇಲ್ಪಟ್ಟು ನಗದು ಪಡೆದ ಮಾರಾಟಗಾರನಿಗಂತೂ ಪಡೆದಷ್ಟೇ ಮೊತ್ತದ ದಂಡದ ಭಯವಿದೆ. 1961ರ ಆದಾಯ ತೆರಿಗೆ ಕಾಯ್ದೆಯ ಸ್ಥಾನಕ್ಕೆ 2026ರ ಏಪ್ರಿಲ್ 1ರಿಂದ 2025ರ ಕಾಯ್ದೆ ಬಂದು ಕಲಮುಗಳ ಸಂಖ್ಯೆ ಬದಲಾದರೂ ಈ ವಿಷಯಗಳ ತಿರುಳು ಹಾಗೆಯೇ ಇದೆ.

ಸರಕು ಮತ್ತು ಸೇವಾ ತೆರಿಗೆಯ ಮಾತು ಬೇರೆ. ಚಾಲಕನೂ ಸೇರಿ 13 ಜನಕ್ಕೆ ಮೀರದ ಪ್ರಯಾಣಿಕ ವಾಹನದ ಖರೀದಿ, ರಿಪೇರಿ ಮತ್ತು ವಿಮೆಯ ಮೇಲೆ ಕಟ್ಟಿದ ತೆರಿಗೆಯನ್ನು ಸಾಮಾನ್ಯ ವ್ಯಾಪಾರಿ ಜಮಾ ಪಡೆಯುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ತೆರಿಗೆ ಶೇ. 28ರಿಂದ 18ಕ್ಕೆ ಇಳಿದುದು ರಿಪೇರಿಯ ಖರ್ಚಿನಲ್ಲಿ ತುಸು ನೆಮ್ಮದಿ. ಅದೇ ದಿನದಿಂದ ಹೊಸ ದೊಡ್ಡ ಎಸ್‌ಯುವಿಗಳ ಮೇಲಿದ್ದ ತೆರಿಗೆ ಮತ್ತು ಪರಿಹಾರ ಉಪಕರ, ಒಟ್ಟು ಶೇ. 50, ಈಗ ಶೇ. 40 ಆಗಿದೆ. ಹೊಸದರ ಬೆಲೆ ಇಳಿದಾಗ ಹಳೆಯದರ ಬೆಲೆಯೂ ಕುಗ್ಗಬೇಕಾದುದು ಸಹಜವಾದ್ದರಿಂದ, ಅದಕ್ಕೂ ಹಿಂದಿನ ದರಪಟ್ಟಿಯನ್ನು ಮುಂದಿಟ್ಟು ಚೌಕಾಶಿ ಮಾಡುವವರ ಮಾತನ್ನು ಒಪ್ಪಬೇಕಾಗಿಲ್ಲ.

ವಾಹನವನ್ನು ಮಾರುವಾಗ ನೋಂದಾಯಿತ ವರ್ತಕನಿಗೆ ತೆರಿಗೆ ತಗಲುವುದು ಪೂರ್ಣ ಬೆಲೆಯ ಮೇಲಲ್ಲ, ಅಂತರದ ಮೇಲೆ ಮಾತ್ರ. ಕೊಳ್ಳುವಾಗ ತೆರಿಗೆ ಜಮಾ ಪಡೆದಿರಬಾರದು ಎಂಬುದು ಷರತ್ತು. ದೊಡ್ಡ ಎಸ್‌ಯುವಿಗಳಿಗೆ 2018ರ ಜನವರಿಯಿಂದ ಶೇ. 18ರ ದರವಿದ್ದು, 2025ರ ಜನವರಿಯಿಂದ ಅದು ಉಳಿದ ಬಳಸಿದ ಕಾರುಗಳಿಗೂ ವಿಸ್ತರಿಸಿದೆ. ಸವಕಳಿ ಪಡೆದಿದ್ದರೆ ಮಾರಾಟದ ಬೆಲೆಯಲ್ಲಿ ಕಳೆದುಳಿದ ಮೌಲ್ಯವನ್ನು ಕಳೆಯಬೇಕು. ಮೇಲಿನ ವಾಹನ ಮೂರನೆಯ ವರ್ಷದ ನಂತರ 22 ಲಕ್ಷಕ್ಕೆ ಹೋದರೆ ಅಂತರ ಸುಮಾರು 1.15 ಲಕ್ಷ, ತೆರಿಗೆ ಸುಮಾರು 20,700 ರೂಪಾಯಿ. 15 ಲಕ್ಷಕ್ಕೆ ಹೋದರೆ ಅಂತರವೇ ಇಲ್ಲ, ತೆರಿಗೆಯೂ ಇಲ್ಲ. ಹನ್ನೊಂದು ವರ್ಷ ಹಳೆಯದಾದ ಯುರೋಪಿನ ಎಸ್‌ಯುವಿಗೆ ಅಂಕಲಗಿಯಲ್ಲಿ 15 ಲಕ್ಷ ಕೊಡುವವರು ಸಿಗುವರೇ ಎಂಬುದನ್ನು ಕೊಳ್ಳುವ ದಿನವೇ ವಿಚಾರಿಸಿಟ್ಟುಕೊಳ್ಳುವುದು ಲೇಸು.